ವೇಳಾಪಟ್ಟಿಗೆ ಸಹಿ ಹಾಕಿದವರು: ಒಂದು ಆಪ್ತಸಲಹೆ ಪ್ರಕರಣ

ನನ್ನ ಬಳಿ ಆಪ್ತಸಲಹೆಗೆ ಬಂದ ಒಬ್ಬರ ಒಪ್ಪಿಗೆ ಪಡೆದೇ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಊರು, ವಿಭಾಗ, ಮನೆಯವರ ವಿವರ ಎಲ್ಲವನ್ನೂ ಬದಲಿಸಿದ್ದೇನೆ. ಕಚೇರಿಯಲ್ಲಿ ಎಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತೇನೆ.

ಮೇಡಂ ಕರ್ನಾಟಕದ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿ. ನನ್ನ ಬಳಿ ಬಂದಾಗ ಮೌಲ್ಯಮಾಪನ ಕುಲಸಚಿವರ ಹುದ್ದೆಯಲ್ಲಿದ್ದರು. ನಿದ್ದೆ ಬರುತ್ತಿಲ್ಲ ಎಂದು ಮೊದಲು ವೈದ್ಯರ ಬಳಿ ಹೋಗಿದ್ದರು. ರಕ್ತದೊತ್ತಡ ಸ್ವಲ್ಪ ಜಾಸ್ತಿ ಇತ್ತು, ಉಳಿದದ್ದೆಲ್ಲ ಸರಿಯಿತ್ತು. ಆ ವೈದ್ಯರೇ ನನ್ನ ಬಳಿ ಕಳಿಸಿದರು. ಮೇಡಂ ಮೊದಲು ಹೇಳಿದ ಮಾತು ಇದು: "ನನಗೆ ಕಾಯಿಲೆ ಏನೂ ಇಲ್ಲ. ರಿಸಲ್ಟ್ ಬಂದರೆ ನಿದ್ದೆ ಬರುತ್ತೆ."

ಹೊರಗಿನವರಿಗೆ ಈ ಹುದ್ದೆ ಏನು ಎಂಬುದೇ ಸರಿಯಾಗಿ ಗೊತ್ತಿರುವುದಿಲ್ಲ. ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ, 2000ರ ಪ್ರಕಾರ ಒಂದು ವಿಶ್ವವಿದ್ಯಾಲಯಕ್ಕೆ ಇಬ್ಬರು ಕುಲಸಚಿವರು. ಒಬ್ಬರು ಆಡಳಿತಕ್ಕೆ, ಇನ್ನೊಬ್ಬರು ಪರೀಕ್ಷೆ ಮತ್ತು ಮೌಲ್ಯಮಾಪನಕ್ಕೆ. ಮೇಲೆ ಕುಲಪತಿ, ಅವರಿಗೂ ಮೇಲೆ ಕುಲಾಧಿಪತಿಯಾಗಿ ರಾಜ್ಯಪಾಲರು. ಸಿಂಡಿಕೇಟ್, ವಿದ್ಯಾವಿಷಯಕ ಪರಿಷತ್ತು, ಹಣಕಾಸು ಅಧಿಕಾರಿ ಎಲ್ಲರೂ ಇರುತ್ತಾರೆ. ಆದರೆ ಫಲಿತಾಂಶ ತಡವಾದಾಗ ವಿದ್ಯಾರ್ಥಿಗಳಿಗೆ ಕಾಣುವುದು ಒಂದೇ ಹೆಸರು. ಪರೀಕ್ಷಾ ಅಧಿಸೂಚನೆಯ ಕೆಳಗೆ ಸಹಿ ಮಾಡಿದವರ ಹೆಸರು.

ಆ ವರ್ಷ ಪದವಿಯ ಕೊನೆಯ ಸೆಮಿಸ್ಟರ್ ಫಲಿತಾಂಶಕ್ಕೆ ಮೂರು ಸಲ ತಾರೀಕು ಕೊಟ್ಟಿದ್ದರು. ಮೂರೂ ಸಲ ಅದು ತಪ್ಪಿತ್ತು. ಮೊದಲ ತಾರೀಕು ವೇಳಾಪಟ್ಟಿಯಲ್ಲೇ ಇದ್ದದ್ದು. ಉಳಿದ ಎರಡನ್ನು ಪ್ರಭಾರ ಕುಲಪತಿಗಳು ಪತ್ರಕರ್ತರ ಮುಂದೆ ಹೇಳಿಬಿಟ್ಟಿದ್ದರು. ಕುಲಪತಿ ಹುದ್ದೆ ಖಾಲಿಯಾಗಿ, ಹಿರಿಯ ಡೀನ್ ಒಬ್ಬರಿಗೆ ಪ್ರಭಾರ ಸಿಕ್ಕಿತ್ತು. ಅವರು ಕೆಟ್ಟವರಲ್ಲ ಎಂದು ಮೇಡಂ ಮತ್ತೆ ಮತ್ತೆ ಹೇಳಿದರು. ಪ್ರತಿಭಟನೆಗೆ ಬಂದ ಹುಡುಗರಿಗೆ ಏನಾದರೂ ಹೇಳಿ ಕಳಿಸಬೇಕಿತ್ತು, ತಾರೀಕು ಹೇಳಿದರು. ಆಮೇಲೆ ಫೋನ್ ಮಾಡಿ, "ಮೇಡಂ, ಹೇಗಾದರೂ ಮಾಡಿ" ಎಂದರು.

ಈ ನಡುವೆ ಯಾರೋ ಮೇಡಂ ಅವರ ಸ್ವಂತ ನಂಬರನ್ನು ವಾಟ್ಸ್ಆ್ಯಪ್ ಗುಂಪುಗಳಿಗೆ ಹಾಕಿದ್ದರು. ರಾತ್ರಿ ಹನ್ನೆರಡಕ್ಕೂ ಕರೆ ಬರುತ್ತಿತ್ತು. ಬೈಗುಳ ಅವರಿಗೆ ಅಷ್ಟು ನಾಟಲಿಲ್ಲ. ನಾಟಿದ್ದು ಒಂದು ಕರೆ. ಬೇರೆ ರಾಜ್ಯದಲ್ಲಿ ಕೆಲಸ ಸಿಕ್ಕಿದ್ದ ಹುಡುಗಿ ಅವಳು. ಅಂಕಪಟ್ಟಿ ತೋರಿಸುವ ಕೊನೆಯ ದಿನ ದಾಟಿತ್ತು. ಅವಳು ಬೈಯಲಿಲ್ಲ. "ಇನ್ನು ಅಂಕಪಟ್ಟಿ ಯಾವಾಗ ಬಂದರೂ ಪರವಾಗಿಲ್ಲ ಮೇಡಂ" ಎಂದು ಹೇಳಿ ಫೋನ್ ಇಟ್ಟಳು. ಆ ದಿನದಿಂದ ಮೇಡಂ ಬೆಳಗಿನ ಜಾವ ಮೂರಕ್ಕೆ ಎದ್ದು ಕೂರುತ್ತಿದ್ದರು.

ಸಾಯಬೇಕು ಅನ್ನಿಸಿದ್ದಿದೆಯಾ ಎಂದು ನೇರವಾಗಿ ಕೇಳಿದೆ. ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂದು ಎಷ್ಟೋ ಜನ ಹೆದರುತ್ತಾರೆ. ಹಾಗಾಗುವುದಿಲ್ಲ, ಕೇಳಲೇಬೇಕು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾಯಬೇಕು ಅಂತಲ್ಲ. ಬೆಳಿಗ್ಗೆ ಏಳದಿದ್ದರೆ ಸಾಕು ಅನ್ನಿಸಿದ್ದಿದೆ" ಎಂದರು. ಇಂಥ ಮಾತನ್ನು ಸುಸ್ತಿನ ಮಾತು ಎಂದು ತಳ್ಳಿಹಾಕುವ ಹಾಗಿಲ್ಲ. ಅವರ ಒಪ್ಪಿಗೆಯಿಂದ ಮಗಳಿಗೆ ವಿಷಯ ತಿಳಿಸಿದೆವು. ಮನೋವೈದ್ಯರ ಭೇಟಿಗೆ ಅದೇ ವಾರ ಸಮಯ ಗೊತ್ತು ಮಾಡಿದೆವು. ರಾತ್ರಿ ಹೊತ್ತು ಯೋಚನೆ ಮಿತಿಮೀರಿದರೆ ಕರೆ ಮಾಡಲು ಟೆಲಿ ಮಾನಸ್ ಸಹಾಯವಾಣಿ 14416 ಅನ್ನು ಅವರ ಫೋನಿನಲ್ಲಿ ನನ್ನೆದುರಿಗೇ ಸೇರಿಸಿಸಿದೆ. ಇದು 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಮನೋವೈದ್ಯರು ನಿದ್ದೆಗೆ ಸ್ವಲ್ಪ ಕಾಲ ಔಷಧಿ ಕೊಟ್ಟರು. ಮಾತು ನನ್ನ ಬಳಿ ಮುಂದುವರಿಯಿತು.

ಮೇಡಂ ಮನಸ್ಸಿನಲ್ಲಿ ಇಡೀ ತಪ್ಪು ಒಂದೇ ಗಂಟಾಗಿ ಕೂತಿತ್ತು. "ಸಹಿ ನನ್ನದು, ತಾರೀಕು ನನ್ನದು, ತಪ್ಪೂ ನನ್ನದು." ಇದಕ್ಕೆ ಸುಲಭದ ಉತ್ತರ ಒಂದಿದೆ. "ನಿಮ್ಮ ತಪ್ಪೇನೂ ಇಲ್ಲ, ವ್ಯವಸ್ಥೆಯೇ ಹಾಗೆ" ಎನ್ನುವುದು. ಮನೆಯವರು, ಸಹೋದ್ಯೋಗಿಗಳು ಆಗಲೇ ಅದನ್ನು ಹೇಳಿದ್ದರು. ಅದರಿಂದ ಏನೂ ಆಗಿರಲಿಲ್ಲ. ಆಗುವುದೂ ಇಲ್ಲ. ಪ್ರಾಮಾಣಿಕವಾಗಿ ಕೆಲಸ ಮಾಡುವವರಿಗೆ ತಮ್ಮ ಪಾಲಿನ ಹೊಣೆಯನ್ನು ಕಿತ್ತುಕೊಂಡರೆ ಸಮಾಧಾನ ಸಿಗುವುದಿಲ್ಲ, ಅವಮಾನವಾಗುತ್ತದೆ. ಹಾಗಾಗಿ ನಾನು ಆ ದಾರಿ ಹಿಡಿಯಲಿಲ್ಲ. ಆ ವರ್ಷದ ವೇಳಾಪಟ್ಟಿಯನ್ನೇ ತರಲು ಹೇಳಿದೆ.

ಮುಂದಿನ ಭೇಟಿಗೆ ತಂದರು. ಒಂದೊಂದು ಸಾಲಿನ ಪಕ್ಕದಲ್ಲೂ ಬರೆಯಲು ಹೇಳಿದೆ: ಈ ತಾರೀಕು ಉಳಿಯಬೇಕಾದರೆ ಯಾರು ಏನು ಕೊಡಬೇಕು?

ಅದನ್ನು ಬರೆಯಲು ಆ ಇಡೀ ಗಂಟೆ ಹಿಡಿಯಿತು. ಬರೆಯುತ್ತಾ ಮೇಡಂ ಪಾಠ ಹೇಳುವವರಂತೆ ವಿವರಿಸುತ್ತಾ ಹೋದರು. ಅಷ್ಟು ದಿನಗಳಲ್ಲಿ ಅವರ ದನಿ ಗಟ್ಟಿಯಾಗಿ ಕೇಳಿಸಿದ್ದು ಅವತ್ತೇ. ಪ್ರವೇಶದ ಕೊನೆಯ ದಿನವನ್ನು ಮತ್ತೆ ಮತ್ತೆ ಮುಂದೂಡುತ್ತಾರೆ. ಸೀಟು ಖಾಲಿ ಇದೆ ಎಂದು ಕಾಲೇಜುಗಳೂ ಕೇಳುತ್ತವೆ. ಕೊನೆಗೆ ಸೇರಿದ ಹುಡುಗನಿಗೂ ಪಾಠ ಆಗಬೇಕಲ್ಲ? ವರ್ಷಕ್ಕೆ 180 ದಿನ, ಸೆಮಿಸ್ಟರ್‌ಗೆ 90 ದಿನ ಬೋಧನೆ ಆಗಬೇಕೆಂದು ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, ಹೇಳುತ್ತದೆ. ಅದನ್ನು ಕತ್ತರಿಸುವಂತಿಲ್ಲ. ಹಾಗಾಗಿ ಪರೀಕ್ಷೆ ಮುಂದೆ ಹೋಗುತ್ತದೆ. ಕೋವಿಡ್ ಕಾಲದಲ್ಲಿ, 2020ರಲ್ಲಿ, ಮೊದಲ ವರ್ಷದ ತರಗತಿಗಳೇ ನವೆಂಬರ್‌ಗೆ ಹೋದವು. ಆ ಜಾರುವಿಕೆಯ ಬಾಕಿ ಎಷ್ಟೋ ಕಡೆ ವರ್ಷಗಟ್ಟಲೆ ತೀರಲಿಲ್ಲ. ಅದರ ಮೇಲೆ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಹೊಸ ಪಠ್ಯಕ್ರಮ ಬಂತು. 2024-25ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಹಳೆಯ ಪಠ್ಯಕ್ರಮದಲ್ಲಿ ಬಾಕಿ ಉಳಿಸಿಕೊಂಡವರು, ನೀತಿಯ ಬ್ಯಾಚಿನವರು, ಹೊಸಬರು, ಮೂರೂ ಕಡೆಯವರಿಗೆ ಬೇರೆ ಬೇರೆ ಪ್ರಶ್ನೆಪತ್ರಿಕೆ. ಅಷ್ಟೂ ಪತ್ರಿಕೆಗಳಿಗೆ ಪರೀಕ್ಷಾ ಮಂಡಳಿ ಬೇಕು, ಮೌಲ್ಯಮಾಪಕರು ಬೇಕು.

ಆಮೇಲೆ ಆಂತರಿಕ ಅಂಕ. ಪ್ರವೇಶದಿಂದ ಫಲಿತಾಂಶದವರೆಗೆ ಎಲ್ಲವೂ ಈಗ ಯುಯುಸಿಎಂಎಸ್ ಎಂಬ, ವಿಶ್ವವಿದ್ಯಾಲಯ ಮತ್ತು ಕಾಲೇಜುಗಳಿಗೆ ರಾಜ್ಯ ಸರ್ಕಾರ ತಂದ ತಂತ್ರಾಂಶದಲ್ಲಿ ಆಗಬೇಕು. ಒಂದು ಕಾಲೇಜು ಒಂದು ವಿಷಯದ ಅಂಕ ತುಂಬದಿದ್ದರೂ ಆ ಮಕ್ಕಳ ಫಲಿತಾಂಶ ಪೂರ್ತಿಯಾಗುವುದಿಲ್ಲ. ಮೌಲ್ಯಮಾಪಕರ ಭತ್ಯೆ ಬಾಕಿ ಇದ್ದರೆ ಮುಂದಿನ ಸಲ ಬರುವವರು ಕಡಿಮೆಯಾಗುತ್ತಾರೆ. ಆ ಹಣದ ಕಡತ ಹಣಕಾಸು ವಿಭಾಗದಲ್ಲಿರುತ್ತದೆ. ಪಾಠದ ದೊಡ್ಡ ಪಾಲನ್ನು ಹೊತ್ತವರು ಅತಿಥಿ ಉಪನ್ಯಾಸಕರು. 2023ರ ಕೊನೆಯಲ್ಲಿ ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರು ಸೇವಾ ಭದ್ರತೆ ಕೇಳಿ ತರಗತಿ ಬಹಿಷ್ಕರಿಸಿದಾಗ ಎಷ್ಟೋ ಕಾಲೇಜುಗಳಲ್ಲಿ ಪಾಠವೇ ನಿಂತಿತ್ತು. ಅವರ ಬೇಡಿಕೆ ನ್ಯಾಯವಾದದ್ದು ಎಂದು ಮೇಡಂ ಹೇಳಿದರು. ನನಗೂ ಹಾಗೇ ಅನ್ನಿಸುತ್ತದೆ. ನಾಲೆಯ ತಲೆಯಲ್ಲಿ ನೀರು ತಡವಾಗಿ ಬಿಟ್ಟರೆ ಕೊನೆಯ ಗದ್ದೆಯವನು ಬಾಯಿ ಬಿಡುತ್ತಾನಲ್ಲ, ಇಲ್ಲಿ ಕೊನೆಯ ಗದ್ದೆ ಎಂದರೆ ಕೊನೆಯ ಸೆಮಿಸ್ಟರ್‌ನ ವಿದ್ಯಾರ್ಥಿ.

ಬರೆದು ಮುಗಿದಾಗ ಹೆಚ್ಚಿನ ಸಾಲುಗಳ ಪಕ್ಕದಲ್ಲಿ ಬೇರೆಯವರ ಹೆಸರಿತ್ತು. ಕೆಲವು ಸಾಲುಗಳ ಪಕ್ಕದಲ್ಲಿ ಮಾತ್ರ "ನಾನು" ಎಂದಿತ್ತು. ಅವರು ಮೊದಲು ಬೇರೆಯವರ ಸಾಲುಗಳನ್ನೇ ನೋಡುತ್ತಿದ್ದರು. ನಾನು "ನಾನು" ಎಂದಿದ್ದ ಸಾಲುಗಳನ್ನು ತೋರಿಸಿ, ಇವುಗಳಲ್ಲಿ ನೀವು ಮಾಡಬಹುದಾಗಿದ್ದು, ಮಾಡದೆ ಉಳಿದದ್ದು ಏನಾದರೂ ಇದೆಯಾ ಎಂದು ಕೇಳಿದೆ.

ಇತ್ತು. ಕೊನೆಯ ಸೆಮಿಸ್ಟರ್‌ನ ಉತ್ತರಪತ್ರಿಕೆ ಬಂಡಲುಗಳನ್ನು ಮೊದಲು ಮೌಲ್ಯಮಾಪನಕ್ಕೆ ಕೊಡಬಹುದಿತ್ತು. ಎಲ್ಲ ಸೆಮಿಸ್ಟರ್‌ಗಳದ್ದೂ ಒಟ್ಟಿಗೇ ಶುರುವಾಗಿತ್ತು. ಕೆಲಸ ಅಥವಾ ಸ್ನಾತಕೋತ್ತರ ಸೀಟು ಸಿಕ್ಕವರು ಯಾರು ಎಂದು ಕಾಲೇಜುಗಳಿಂದ ಪಟ್ಟಿ ತರಿಸಿಕೊಳ್ಳಬಹುದಿತ್ತು. ಎರಡನೇ ಸಲ ಕೊಟ್ಟ ತಾರೀಕು ತಪ್ಪಲಿದೆ ಎಂದು ಹತ್ತು ದಿನ ಮೊದಲೇ ಗೊತ್ತಾಗಿತ್ತು, ಆದರೂ ಹೇಳಿರಲಿಲ್ಲ. ಈ ಕೊನೆಯದನ್ನು ಹೇಳುವಾಗ ಅತ್ತರು. ಅಳಲು ಬಿಟ್ಟೆ.

ಈ ತೂಕ ನಿಜವಾದದ್ದು, ಇದನ್ನು ಹೊರಿ ಎಂದೆ. ಉಳಿದ ತೂಕ ನಿಮ್ಮದಲ್ಲ, ಅದನ್ನು ಕಡತದ ಮೂಲಕ ಅವರವರಿಗೆ ವಾಪಸ್ ಕೊಡಿ ಎಂದೆ. ನನ್ನ ಸಲಹೆಯ ತಿರುಳು ಇಷ್ಟೇ ಆಗಿತ್ತು. ಉಳಿದದ್ದೆಲ್ಲ ಅದನ್ನು ಕಚೇರಿಯ ಕೆಲಸವಾಗಿಸುವ ಪ್ರಯತ್ನ.

ಮೊದಲಿಗೆ, ಇನ್ನು ಮುಂದೆ ಫಲಿತಾಂಶದ ತಾರೀಕು ಹೇಳುವುದು ಬೇಡ ಎಂದೆ. ಕೆಲಸ ಎಲ್ಲಿಗೆ ಬಂದಿದೆ ಎಂಬುದನ್ನು ಹೇಳಿ. ಪ್ರತಿ ಸೋಮವಾರ ಒಂದು ಚಿಕ್ಕ ಪ್ರಕಟಣೆ: ಯಾವ ವಿಷಯದ ಮೌಲ್ಯಮಾಪನ ಮುಗಿದಿದೆ, ಯಾವುದು ಬಾಕಿ, ಎಷ್ಟು ಕಾಲೇಜುಗಳ ಆಂತರಿಕ ಅಂಕ ಬಂದಿಲ್ಲ. ಅದರಲ್ಲಿ ಕಾಲೇಜುಗಳ ಹೆಸರನ್ನೂ ಹಾಕಬೇಕೆಂದು ಮೇಡಂ ಅವರಿಗೆ ಆಸೆಯಿತ್ತು. ಬೇಡ, ಮೊದಲು ಪ್ರಾಂಶುಪಾಲರಿಗೆ ಪತ್ರ ಬರೆಯಿರಿ, ಅದಕ್ಕೂ ಬಗ್ಗದಿದ್ದರೆ ನೋಡೋಣ ಎಂದೆ. ವಿದ್ಯಾರ್ಥಿಗಳ ಸಿಟ್ಟಿಗೆ ತಡವಾದದ್ದು ಅರ್ಧ ಕಾರಣ. ಇನ್ನರ್ಧ, ಏನಾಗುತ್ತಿದೆ ಎಂದು ಯಾರೂ ಹೇಳದಿರುವುದು.

ಪ್ರಭಾರ ಕುಲಪತಿಗಳ ಜೊತೆ ಮಾತಾಡುವುದು ಅವರಿಗೆ ಎಲ್ಲಕ್ಕಿಂತ ಕಷ್ಟವಾಗಿತ್ತು. ಸೇವೆಯಲ್ಲಿ ಹಿರಿಯರು, ಎದುರು ಮಾತಾಡಿ ಅಭ್ಯಾಸವಿಲ್ಲ. ಅದನ್ನು ನನ್ನ ಕೋಣೆಯಲ್ಲಿ ಅಭ್ಯಾಸ ಮಾಡಿದೆವು. ಮೊದಲ ಸಲ ಅವರು ಕ್ಷಮೆ ಕೇಳುತ್ತಲೇ ಮಾತು ಶುರು ಮಾಡಿದರು. ಅದನ್ನು ತೆಗೆಸಿದೆ. ಕೊನೆಗೆ ಉಳಿದ ಮಾತು ಹೀಗಿತ್ತು: "ಸರ್, ಎರಡು ವಿಷಯಗಳ ಮೌಲ್ಯಮಾಪನ ಬಾಕಿ ಇದೆ. ಭತ್ಯೆಯ ಕಡತಕ್ಕೆ ಈ ವಾರ ಮಂಜೂರಾತಿ ಸಿಕ್ಕರೆ ಮೌಲ್ಯಮಾಪಕರು ಬರುತ್ತಾರೆ. ಅದು ಸಿಗುವವರೆಗೆ ನಾವಿಬ್ಬರೂ ತಾರೀಕು ಹೇಳಬಾರದು. ಇದನ್ನೇ ಟಿಪ್ಪಣಿಯಾಗಿ ಹಾಕಿದ್ದೇನೆ." ಟಿಪ್ಪಣಿ ಹಾಕಲು ನಾನು ಒತ್ತಿ ಹೇಳಿದ್ದೆ. ಬಾಯಿಮಾತು ಮೂರು ದಿನದಲ್ಲಿ ಮರೆತುಹೋಗುತ್ತದೆ, ಕಡತದಲ್ಲಿರುವ ಸಾಲು ಉಳಿಯುತ್ತದೆ. ಅವರು ಸಿಟ್ಟಾದರೆ ಎಂದು ಮೇಡಂ ಕೇಳಿದರು. ಆಗಬಹುದು, ಆದರೆ ಈಗ ನಿಮ್ಮ ಮೇಲೆ ನೀವೇ ಆಗುತ್ತಿರುವ ಸಿಟ್ಟಿಗಿಂತ ಅದು ಕಡಿಮೆಯೇ ಇರುತ್ತದೆ ಎಂದೆ.

ಫೋನಿನ ವಿಷಯದಲ್ಲಿ ವಾದವೇ ಆಯಿತು. ಅವರು ನಂಬರ್ ಬದಲಿಸಲು ಒಪ್ಪಲಿಲ್ಲ. "ಮಕ್ಕಳಿಗೆ ಬೇರೆ ಯಾರು ಸಿಗುತ್ತಾರೆ?" ಎಂದರು. ಆ ಪ್ರಶ್ನೆ ಸರಿಯಾದದ್ದೇ. ಬೇರೆ ಬಾಗಿಲು ತೆರೆಯದೆ ಇರುವ ಒಂದು ಬಾಗಿಲನ್ನು ಮುಚ್ಚುವುದು ತಪ್ಪು ಅಲ್ವಾ? ಹಾಗಾಗಿ ಮೊದಲು ಕಚೇರಿಯಲ್ಲಿ ಒಂದು ನಂಬರ್, ಇಬ್ಬರು ಸಿಬ್ಬಂದಿ, ಬೆಳಿಗ್ಗೆ ಹತ್ತರಿಂದ ಸಂಜೆ ಐದು. ಅದು ನಡೆಯಲು ಶುರುವಾದ ಮೇಲೆ ರಾತ್ರಿ ಒಂಬತ್ತಕ್ಕೆ ಮೇಡಂ ಫೋನ್ ಮಗಳ ಕೋಣೆಗೆ ಹೋಗುತ್ತಿತ್ತು. ಜಾವದಲ್ಲಿ ಎಚ್ಚರವಾದರೆ ಹಾಸಿಗೆಯಲ್ಲಿ ಹೊರಳಾಡದೆ ಎದ್ದು ಕೂತು, ತಲೆಗೆ ಬಂದ ಕೆಲಸವನ್ನು ಹಾಳೆಯಲ್ಲಿ ಬರೆದಿಟ್ಟು ಮತ್ತೆ ಮಲಗಲು ಹೇಳಿದ್ದೆ.

ಹುದ್ದೆ ಬಿಟ್ಟು ಮಾತೃ ವಿಭಾಗಕ್ಕೆ ಮರಳುವ ಪತ್ರವನ್ನೂ ಅವರು ಬರೆದಿಟ್ಟಿದ್ದರು. ನಿದ್ದೆ ಸರಿಹೋಗುವವರೆಗೆ ಕೊಡಬೇಡಿ ಎಂದಷ್ಟೇ ಹೇಳಿದೆ. ಉಳಿಯಿರಿ ಎಂದೂ ಹೇಳಲಿಲ್ಲ, ಬಿಡಿ ಎಂದೂ ಹೇಳಲಿಲ್ಲ.

ಫಲಿತಾಂಶ ಕೊನೆಗೂ ತಡವಾಗಿಯೇ ಬಂತು. ಭತ್ಯೆಯ ಕಡತಕ್ಕೆ ಮಂಜೂರಾತಿ ಸಿಕ್ಕಿತು, ಅದಕ್ಕೂ ಎರಡು ವಾರ ಹಿಡಿಯಿತು. ಪ್ರಭಾರ ಕುಲಪತಿಗಳು ಸಿಟ್ಟಾಗಲಿಲ್ಲ. ಆದರೆ ಇನ್ನೊಂದು ಸಲ ಪತ್ರಕರ್ತರ ಮುಂದೆ "ಶೀಘ್ರದಲ್ಲೇ" ಎಂದರು. ಸೋಮವಾರದ ಪ್ರಕಟಣೆ ಶುರುವಾದ ಮೇಲೆ ಕರೆಗಳು ಕಡಿಮೆಯಾದವು, ನಿಲ್ಲಲಿಲ್ಲ. ಕೆಲಸ ತಪ್ಪಿದ ಹುಡುಗಿಗೆ ಮೇಡಂ ತಾವೇ ಕರೆ ಮಾಡಿದರು. ವಿಳಂಬಕ್ಕೆ ಅವಳು ಕಾರಣವಲ್ಲ ಎಂದು ವಿಶ್ವವಿದ್ಯಾಲಯದಿಂದ ಪತ್ರ ಕೊಡಿಸಿದರು. ಆ ಕಂಪನಿ ಅದನ್ನು ಒಪ್ಪಲಿಲ್ಲ. ಮೇಡಂ ಎರಡು ತಿಂಗಳ ನಂತರ ಹುದ್ದೆಯಲ್ಲೇ ಉಳಿಯಲು ತೀರ್ಮಾನಿಸಿದರು. ಮುಂದಿನ ವರ್ಷದ ವೇಳಾಪಟ್ಟಿಯ ಕರಡಿನಲ್ಲಿ ಪ್ರತಿ ತಾರೀಕಿನ ಪಕ್ಕದಲ್ಲಿ ಯಾರು ಏನು ಕೊಡಬೇಕು ಎಂಬ ಅಂಕಣ ಸೇರಿಸಿ ಸಭೆಗೆ ಇಟ್ಟರು. ಅರ್ಧ ಅಂಕಣ ಉಳಿಯಿತು, ಇನ್ನರ್ಧವನ್ನು ತೆಗೆಸಿದರು.

ಇದೇ ಸಂಕಟದ ಇನ್ನೊಂದು ತುದಿಯಲ್ಲಿರುವ ವಿದ್ಯಾರ್ಥಿಗಳೂ ನನ್ನ ಬಳಿ ಬರುತ್ತಾರೆ. ಅವರಿಗೆ ಹೇಳುವುದನ್ನು ಇಲ್ಲೇ ಬರೆಯುತ್ತೇನೆ. ಪ್ರವೇಶ ಅಥವಾ ಕೆಲಸದ ಗಡುವು ಹತ್ತಿರವಿದ್ದರೆ ಅದು ಮುಗಿಯುವ ಮೊದಲೇ ಆ ಸಂಸ್ಥೆಗೆ ಬರೆಯಿರಿ. ಫಲಿತಾಂಶ ಬಾಕಿ ಇರುವವರಿಗೆ ಮುಚ್ಚಳಿಕೆ ಬರೆಸಿಕೊಂಡು ತಾತ್ಕಾಲಿಕ ಪ್ರವೇಶ ಕೊಡುವ ಸಂಸ್ಥೆಗಳು ಸಾಕಷ್ಟಿವೆ. ಪರೀಕ್ಷೆ ಬರೆದಿದ್ದೀರಿ, ಫಲಿತಾಂಶ ಬಾಕಿ ಇದೆ ಎಂದು ನಿಮ್ಮ ಕಾಲೇಜಿನಿಂದ ಪತ್ರ ಮಾಡಿಸಿ. ಶೈಕ್ಷಣಿಕ ವೇಳಾಪಟ್ಟಿಯಲ್ಲಿ ಹೇಳಿದ ಅವಧಿ ದಾಟಿ ಪರೀಕ್ಷೆ ಅಥವಾ ಫಲಿತಾಂಶ ತಡವಾದರೆ ಅದು ಯುಜಿಸಿಯ 2023ರ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ನಿಯಮಗಳಡಿ ದೂರು ಕೊಡಬಹುದಾದ ವಿಷಯ. ದೂರು ಕೇಳುವ ಕುಂದುಕೊರತೆ ನಿವಾರಣಾ ಸಮಿತಿಯ ತೀರ್ಮಾನ ಒಪ್ಪಿಗೆಯಾಗದಿದ್ದರೆ ಹದಿನೈದು ದಿನದೊಳಗೆ ಒಂಬುಡ್ಸ್‌ಪರ್ಸನ್, ಅಂದರೆ ಮೇಲ್ಮನವಿ ಕೇಳುವವರ ಬಳಿ ಹೋಗಬಹುದು. ದೂರು ಕೊಡುವಾಗ ವೇಳಾಪಟ್ಟಿಯ ಪ್ರತಿ, ನಿಮ್ಮ ಪರೀಕ್ಷಾ ಪ್ರವೇಶ ಪತ್ರ, ತಪ್ಪಿಹೋಗಲಿರುವ ಅವಕಾಶದ ಪತ್ರ, ಮೂರನ್ನೂ ಜೊತೆಗಿಡಿ. ರಾತ್ರಿ ಒಬ್ಬರ ಸ್ವಂತ ನಂಬರಿಗೆ ಮಾಡುವ ಕರೆಗೆ ಆ ಹೊತ್ತಿನಲ್ಲಿ ಏನನ್ನೂ ಸರಿಮಾಡುವ ಶಕ್ತಿ ಇರುವುದಿಲ್ಲ. ಬರೆದು ಕೊಟ್ಟ ದೂರಿಗೆ ಮಾತ್ರ ಯಾರಾದರೂ ಉತ್ತರ ಕೊಡಲೇಬೇಕಾಗುತ್ತದೆ.