ಕೆರೆಯಲ್ಲಿ ಈಜು ಕಲಿತ ಅಪ್ಪ ಸಿಡ್ನಿಯ ಬೀಚಿನಲ್ಲಿ ಮಗಳಿಗೆ ತಾನೇ ಈಜು ಕಲಿಸಬಹುದಾ?

"ನನಗೆ ಈಜು ಚೆನ್ನಾಗಿ ಬರುತ್ತೆ, ಊರಿನ ಕೆರೆಯಲ್ಲೇ ಬೆಳೆದವನು" ಅಂತ ಬರೆದಿದ್ದೀರಲ್ಲ, ಆ ಸಾಲು ಓದಿ ಮೊಬೈಲ್ ಕೆಳಗಿಟ್ಟು ಒಂದು ಲೋಟ ನೀರು ಕುಡಿದು ಬಂದೆ. ಒಂಬತ್ತು ವರ್ಷದ ಹಿಂದೆ ಇದೇ ಮಾತನ್ನ ನಾನು ಹೆಂಡತಿಗೆ ಹೇಳಿದ್ದೆ. ಏಳು ವರ್ಷದ ಮಗಳನ್ನ ನಿಪ್ಪರ್ಸ್‌ಗೆ, ಅಂದ್ರೆ ಬೀಚಿನ ಜೀವರಕ್ಷಕರ ಕ್ಲಬ್ಬುಗಳು ಮಕ್ಕಳಿಗೆ ನಡೆಸೋ ತರಬೇತಿಗೆ ಸೇರಿಸೋದಾ, ಪೂಲ್ ಕ್ಲಾಸಿಗೆ ದುಡ್ಡು ಸುರಿಯೋದಾ, ಇಲ್ಲ ನಾನೇ ಕಲಿಸೋದಾ ಅಂತ ನಿಮ್ಮ ಪ್ರಶ್ನೆ. ಆಮೇಲೆ ಬರ್ತೀನಿ ಅದಕ್ಕೆ.

ನಾನು ಮಂಡ್ಯ ಕಡೆಯವನು. ಸೊಂಟಕ್ಕೆ ಖಾಲಿ ಕ್ಯಾನು ಕಟ್ಟಿ ತಾತ ನನ್ನನ್ನ ತೋಟದ ಬಾವಿಗೆ ನೂಕಿದಾಗ ನನಗೆ ಆರು ವರ್ಷ. ಹತ್ತು ತುಂಬೋ ಹೊತ್ತಿಗೆ ವಿ.ಸಿ. ನಾಲೆಗೆ ಸೇತುವೆ ಮೇಲಿಂದ ಹಾರ್ತಿದ್ದೆ. 2013ರಲ್ಲಿ ವೊಲಾಂಗಾಂಗ್‌ಗೆ ಬಂದೆ, ಸಿಡ್ನಿಯಿಂದ ದಕ್ಷಿಣಕ್ಕೆ ಎಂಬತ್ತು ಕಿಲೋಮೀಟರ್. ಬಸ್ ಓಡಿಸ್ತೀನಿ.

2016ರ ಜನವರಿ, ಒಂದು ಶನಿವಾರ. ಬೀಚಿನಲ್ಲಿ ಕೆಂಪು-ಹಳದಿ ಧ್ವಜ ಎರಡು ನೆಟ್ಟಿದ್ರು. ಜೀವರಕ್ಷಕರು ಕಾಯೋದು ಅವುಗಳ ನಡುವಿನ ಜಾಗವನ್ನ, ಈಜಬೇಕಾದ್ದೂ ಅಲ್ಲೇ. ಅವುಗಳ ಮಧ್ಯೆ ಜಾತ್ರೆ. ಅಲೆಗಳು ಒಂದರ ಹಿಂದೊಂದು ಬಂದು ಮಕ್ಕಳನ್ನ ಉರುಳಿಸ್ತಾ ಇದ್ವು. ಅಲ್ಲಿಂದ ನೂರೈವತ್ತು ಮೀಟರ್ ಆಚೆ ಒಂದು ಜಾಗ ಕಾಣಿಸ್ತು. ಅಲೆ ಒಡೀತಾನೇ ಇಲ್ಲ. ನೀರು ಸ್ವಲ್ಪ ಕಪ್ಪಗೆ, ಸುತ್ತಲಿನ ನೊರೆಯ ಮಧ್ಯೆ ಒಂದು ಓಣಿ ಬಿಟ್ಟ ಹಾಗೆ.

ನನ್ನ ತಪ್ಪು ಇಲ್ಲೇ ಆಗಿದ್ದು, ಹಾಗಾಗಿ ಇದನ್ನ ಬಿಡಿಸಿ ಹೇಳ್ತೀನಿ, ಸಹಿಸ್ಕೊಳ್ಳಿ. ಧ್ವಜದ ಆಚೆ ಹೋಗಿದ್ದು ತಪ್ಪು ಅಂತ ಎಲ್ಲರೂ ಹೇಳ್ತಾರೆ, ಅದು ಸರಿ. ಆದರೆ ನಾನು ಉಡಾಫೆಯಿಂದ ಹೋಗಲಿಲ್ಲ. ಹುಷಾರಾಗಿ ಯೋಚನೆ ಮಾಡಿ, ಇದ್ದಿದ್ದರಲ್ಲಿ ಸುರಕ್ಷಿತ ಅನ್ನಿಸಿದ ಜಾಗವನ್ನೇ ಆರಿಸ್ಕೊಂಡೆ. ನಮ್ಮ ಬಾವಿ, ಕೆರೆ, ನಾಲೆ ಎಲ್ಲಾ ಕಡೆ ಕಣ್ಣಿಗೆ ಕಲಿಸಿರೋದು ಒಂದೇ ಪಾಠ: ನೀರು ಅಲ್ಲಾಡ್ತಿದ್ರೆ ಕೆಳಗೆ ಬಂಡೆಯೋ ಸುಳಿಯೋ ಇದೆ, ಸುಮ್ಮನಿದ್ರೆ ಇಳಿಯಬಹುದು. ಸಮುದ್ರದಲ್ಲಿ ಈ ಪಾಠ ತಲೆಕೆಳಗು. ಅಲೆ ಒಡೆಯೋದು ನೀರು ಕಡಿಮೆ ಇರೋ ಕಡೆ, ಅಂದ್ರೆ ಕೆಳಗೆ ಮರಳಿನ ದಿಬ್ಬ ಇರೋ ಕಡೆ. ಹಾಗೆ ಒಡೆದು ದಡಕ್ಕೆ ಬಂದ ನೀರೆಲ್ಲ ವಾಪಸ್ ಹೋಗಬೇಕಲ್ಲ? ಅದು ದಿಬ್ಬಗಳ ಮಧ್ಯೆ ಕಾಲುವೆ ಕೊರೆದುಕೊಂಡು ಹೋಗುತ್ತೆ. ಆ ಕಾಲುವೆ ಆಳ ಇರೋದ್ರಿಂದ ಅಲ್ಲಿ ಅಲೆ ಒಡೆಯೋದು ಕಮ್ಮಿ, ನೀರು ಕಪ್ಪಗೆ ಕಾಣುತ್ತೆ, ನೋಡೋಕೆ ಸೊಗಸಾಗಿರುತ್ತೆ. ಇದನ್ನೇ ಇಲ್ಲಿ ರಿಪ್ ಅನ್ನೋದು. ಸಮುದ್ರದೊಳಗೆ ಒಂದು ನಾಲೆ, ಹರಿಯೋದು ದಡದಿಂದ ಆಚೆಗೆ. ನಾಲೆಯಲ್ಲೇ ಬೆಳೆದವನಿಗೆ ಎದುರಿಗಿದ್ದ ನಾಲೆ ಗುರುತು ಸಿಗಲಿಲ್ಲ, ನೋಡಿ.

ಎದೆಮಟ್ಟ ಇಳಿದೆ. ಹತ್ತು ಕೈ ಬೀಸಿದೆ. ತಿರುಗಿ ನೋಡಿದ್ರೆ ಹೆಂಡತಿಯ ಛತ್ರಿ ಬೆರಳಷ್ಟು ಕಾಣ್ತಿದೆ. ಸರಿ ಅಂತ ನೇರ ದಡಕ್ಕೆ ಮುಖ ಮಾಡಿ ಈಜೋಕೆ ಶುರು ಮಾಡಿದೆ. ಜೋರಾಗಿ ಈಜಿದಷ್ಟೂ ಇದ್ದಲ್ಲೇ ಇದ್ದೆ, ಆಮೇಲೆ ಅದೂ ಇಲ್ಲ. ರಿಪ್ ಸೆಕೆಂಡಿಗೆ ಒಂದು ಮೀಟರ್, ಕೆಲವು ಸಲ ಅದಕ್ಕಿಂತಲೂ ಜೋರಾಗಿ ಎಳೆಯುತ್ತೆ. ಇಲ್ಲಿ ಜೀವರಕ್ಷಕರಾಗೋಕೆ ಇರೋ ಪರೀಕ್ಷೆಯಲ್ಲೇ ಒಂಬತ್ತು ನಿಮಿಷದೊಳಗೆ 400 ಮೀಟರ್ ಈಜಿದ್ರೆ ಸಾಕು. ಅಂದ್ರೆ ಸೆಕೆಂಡಿಗೆ ಮುಕ್ಕಾಲು ಮೀಟರ್ ಲೆಕ್ಕ. ಪಾಸಾದವನೂ ಅದಕ್ಕೆ ಎದುರು ಈಜಿ ಗೆಲ್ಲಲ್ಲ. ತಲೆ ಮೇಲೆತ್ತಿಕೊಂಡು ಕಪ್ಪೆ ಈಜು ಈಜೋ ನಾನು ಯಾವ ಲೆಕ್ಕ?

ಸಹಾಯ ಬೇಕು ಅಂತ ಕೈ ಎತ್ತಬೇಕಿತ್ತು. ಎತ್ತಲಿಲ್ಲ, ನಾಚಿಕೆ ಆಯ್ತು. ದಡದಲ್ಲಿ ಹೆಂಡತಿ ಊರಲ್ಲಿರೋ ನಮ್ಮಮ್ಮನಿಗೆ ಕಳಿಸೋಣ ಅಂತ ವಿಡಿಯೋ ಮಾಡ್ತಿದ್ಲು. ಆ ವಿಡಿಯೋ ಇವತ್ತಿಗೂ ಅವಳ ಹತ್ತಿರ ಇದೆ. ಅದರಲ್ಲಿ ನಾನೊಂದು ಚುಕ್ಕೆ. ಎಂಟು ವರ್ಷದ ಮಗನ ದನಿ ಕೇಳುತ್ತೆ, ಹೆಮ್ಮೆಯಿಂದ: "ಅಮ್ಮಾ, ಅಪ್ಪ ನೋಡು ಎಷ್ಟು ದೂರ ಹೋದ್ರು!"

ಎರಡನೇ ಸಲ ಉಪ್ಪುನೀರು ಕುಡಿದಿದ್ದು ನೆನಪಿದೆ. ಆಮೇಲೆ ನೆನಪಿರೋದು ನೀರ ಮೇಲೆ ತೇಲಿಕೊಂಡು ಬಂದ ಜೀವರಕ್ಷಕರ ಒಂದು ಬೋರ್ಡು, ಅದರ ಮೇಲೆ ಕೆಂಪು-ಹಳದಿ ಟೋಪಿ ಕಟ್ಟಿದ್ದ ಒಂದು ಹುಡುಗಿ. ಹದಿನಾರು ವರ್ಷ ಅಂತ ಆಮೇಲೆ ಗೊತ್ತಾಯ್ತು. "ಹಿಡ್ಕೋ. ಕಾಲು ಒದೀಬೇಡ. ಉಸಿರಾಡು." ಅಷ್ಟೇ ಅಂದಿದ್ದು. ಅವಳು ನೇರ ದಡದ ಕಡೆ ಹೊರಡಲಿಲ್ಲ. ಬೋರ್ಡನ್ನ ಪಕ್ಕಕ್ಕೆ, ನಾನು ಹೆದರಿ ಬಿಟ್ಟುಬಂದಿದ್ದ ನೊರೆ ಅಲೆಗಳ ಕಡೆಗೇ ತಿರುಗಿಸಿದಳು. ಅಲ್ಲಿ ಒಂದು ಅಲೆ ಬಂದು ಇಬ್ಬರನ್ನೂ ಎತ್ತಿ ದಡಕ್ಕೆ ತಂದು ಹಾಕ್ತು. ನಾಲೆಯಲ್ಲಿ ತಾತ ಕೂಗ್ತಿದ್ದದ್ದೂ ಇದನ್ನೇ ತಾನೇ: "ಎದುರು ಬೀಳಬ್ಯಾಡ ಕಣ್ಲಾ, ಓರೆಯಾಗಿ ದಡ ಹಿಡಿ!"

ಶ್ವಾಸಕೋಶಕ್ಕೆ ನೀರು ಹೋಗಿದೆ ಅಂತ ಎರಡು ರಾತ್ರಿ ಆಸ್ಪತ್ರೆಯಲ್ಲಿ ಇಟ್ಕೊಂಡ್ರು. ಅದು ದೊಡ್ಡ ನಷ್ಟ ಅಲ್ಲ. ಮರಳ ಮೇಲೆ ಮಲಗಿಸಿ ನನಗೆ ಆಮ್ಲಜನಕ ಹಾಕಿದ್ದನ್ನ ಮಗ ನಿಂತು ನೋಡಿದ. ಎರಡು ವರ್ಷ ಅವನು ಸ್ನಾನದ ತೊಟ್ಟಿಗೂ ಇಳಿಯಲಿಲ್ಲ. ಈಗ ಕಾಲೇಜಿನ ವಯಸ್ಸು. ಪೂಲಿನಲ್ಲಿ ಚೆನ್ನಾಗೇ ಈಜ್ತಾನೆ, ಸಮುದ್ರ ಅಂದ್ರೆ ಮಾತ್ರ ಇವತ್ತಿಗೂ ಮರಳ ಮೇಲೇ ಕೂರ್ತಾನೆ.

ಮುಂದಿನ ಶನಿವಾರ ಒಂದು ಡಬ್ಬಿ ಮೈಸೂರು ಪಾಕು, ಒಂದು ಕವರಲ್ಲಿ ನೂರು ಡಾಲರ್ ಹಿಡ್ಕೊಂಡು ಆ ಹುಡುಗಿಯ ಜೀವರಕ್ಷಕರ ಕ್ಲಬ್ಬಿಗೆ ಹೋದೆ. ಮೈಸೂರು ಪಾಕು ತಗೊಂಡ್ರು, ಕವರ್ ವಾಪಸ್ ಕೊಟ್ರು. "ಸಂಬಳ ತಗೊಂಡು ಕೆಲಸ ಮಾಡೋರು ತಾನೆ, ನೋಡ್ಕೋತಾರೆ" ಅಂತ ನೀವು ಬರೆದಿದ್ದೀರಿ, ನಾನೂ ಹಾಗೇ ಅಂದ್ಕೊಂಡಿದ್ದೆ. ವಾರದ ದಿನಗಳಲ್ಲಿ ಕೌನ್ಸಿಲ್ಲಿನ ಸಂಬಳದ ಲೈಫ್‌ಗಾರ್ಡ್‌ಗಳು ಇರ್ತಾರೆ, ನಿಜ. ಶನಿವಾರ, ಭಾನುವಾರ ಕೆಂಪು-ಹಳದಿಯಲ್ಲಿ ನಿಲ್ಲೋರಿಗೆ ಒಂದು ಸೆಂಟೂ ಇಲ್ಲ. ಇಪ್ಪತ್ತನೇ ಶತಮಾನದ ಶುರುವಿನಿಂದ ಇದು ಹೀಗೇ ನಡೀತಿದೆ, ದೇಶದಲ್ಲಿ ಇಂಥ ಕ್ಲಬ್ಬು 300ಕ್ಕೂ ಹೆಚ್ಚು. 1938ರ ಫೆಬ್ರವರಿ 6ರಂದು ಬಾಂಡೈನಲ್ಲಿ ದೊಡ್ಡ ಅಲೆಗಳು ಒಂದರ ಮೇಲೊಂದು ಬಂದು ನೂರಾರು ಜನರನ್ನ ಒಟ್ಟಿಗೇ ಒಳಗೆಳೆದಾಗ ಸುಮಾರು 250 ಜನರನ್ನ ಹೊರಗೆ ತಂದವರೂ ಇಂಥವರೇ. ಐವರು ತೀರಿಕೊಂಡರು. ನನ್ನನ್ನ ಎಳೆದು ತಂದ ಹುಡುಗಿಯ ಅಜ್ಜಿಯ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಈ ಕೆಲಸಕ್ಕೆ ಪೂರ್ಣ ಸದಸ್ಯತ್ವವೇ ಇರಲಿಲ್ಲ, ಅದು ಸಿಕ್ಕಿದ್ದು 1980ರಲ್ಲಿ. ನನ್ನ ಅದೃಷ್ಟ.

ಅವತ್ತಿನ ತಂಡದ ಮುಖ್ಯಸ್ಥ ಕಲ್ಲಿದ್ದಲು ಗಣಿಯಿಂದ ನಿವೃತ್ತನಾದ ಮುದುಕ, 68 ವರ್ಷ. ಮೈಸೂರು ಪಾಕು ಬಾಯಿಗೆ ಹಾಕ್ಕೊಂಡು ನನ್ನನ್ನ ಮಹಡಿಗೆ ಕರ್ಕೊಂಡು ಹೋಗಿ, "ಇಲ್ಲಿಂದ ನೋಡು, ಇವತ್ತು ಎಲ್ಲಿ ಇಳೀತೀಯ ತೋರಿಸು" ಅಂದ. ತೋರಿಸಿದೆ. ಅವನು ಅಗಿಯೋದು ನಿಲ್ಲಿಸಿದ. ಮತ್ತೆ ರಿಪ್ಪನ್ನೇ ತೋರಿಸಿದ್ದೆ! ಸತ್ತು ಬದುಕಿ ಬಂದ ಏಳೇ ದಿನಕ್ಕೆ.

ಅವತ್ತೇ ಕಲೀಬೇಕು ಅಂತ ತೀರ್ಮಾನ ಮಾಡಿದೆ. ಕ್ಲಬ್ಬಿನ ಒಬ್ಬ ಪ್ಲಂಬರ್ ಬೆಳಿಗ್ಗೆ ಐದೂವರೆಗೆ, ಕೆಲಸಕ್ಕೆ ಹೋಗೋ ಮುಂಚೆ, ಸಮುದ್ರದ ಅಂಚಿನ ಬಂಡೆಗಳಲ್ಲಿ ಕಟ್ಟಿರೋ ಕೊಳದಲ್ಲಿ ನನಗೆ ಮುಖ ನೀರಲ್ಲಿಟ್ಟು ಉಸಿರು ಬಿಡೋದು ಕಲಿಸಿದ. ಆ ಕೊಳಕ್ಕೆ ಟಿಕೆಟ್ ಇಲ್ಲ, ಅವನಿಗೂ ಫೀಸಿಲ್ಲ. ಮೊದಲ ಸಲ 400 ಮೀಟರಿಗೆ ಹದಿಮೂರು ನಿಮಿಷ ತಗೊಂಡೆ, ಮಧ್ಯೆ ಮೂರು ಸಲ ಗೋಡೆ ಹಿಡ್ಕೊಂಡು. ಪರೀಕ್ಷೆಗೆ ಕೂತಾಗ ಮೊದಲ ಸಲ ಫೇಲು, ಎರಡನೇ ಸಲ 9 ನಿಮಿಷ 20 ಸೆಕೆಂಡು, ಮತ್ತೆ ಫೇಲು. 2018ರ ನವೆಂಬರಿನಲ್ಲಿ 8 ನಿಮಿಷ 47 ಸೆಕೆಂಡು. ಬ್ರಾಂಜ್ ಮೆಡಾಲಿಯನ್, ಅಂದ್ರೆ ಜೀವರಕ್ಷಕನಾಗೋ ಅರ್ಹತೆ, ಸಿಕ್ತು. ನನ್ನ ಬ್ಯಾಚಿನ ಉಳಿದವರೆಲ್ಲ ಶಾಲೆ ಹುಡುಗರು.

ಈಗ ನಿಮ್ಮ ಪ್ರಶ್ನೆ. ಮೊದಲನೆಯದಾಗಿ, ನಿಪ್ಪರ್ಸ್ ಈಜಿನ ಕ್ಲಾಸಲ್ಲ. ಮಗುವಿಗೆ ಒಂದಿಷ್ಟು ಈಜು ಬರುತ್ತಾ ಅಂತ ಅವರೇ ನೋಡ್ತಾರೆ. ಅಲ್ಲಿ ಕಲಿಸೋದು ಸಮುದ್ರವನ್ನ ಓದೋದು, ಬೋರ್ಡು ಹಿಡಿಯೋದು, ಮರಳಲ್ಲಿ ಓಡೋದು. ಹಾಗಾಗಿ "ಇದಾ ಅದಾ" ಅನ್ನೋದೇ ಸರಿಯಿಲ್ಲ, ಪೂಲೂ ಬೇಕು, ನಿಪ್ಪರ್ಸೂ ಬೇಕು. ಪೂಲಿನ ಫೀಸು ಜಾಸ್ತಿ ಅಂತೀರಿ. ದೀಪಾವಳಿ ಪಾರ್ಟಿಗೆ ನಾವೆಲ್ಲ ಎಷ್ಟು ಖರ್ಚು ಮಾಡ್ತೀವಿ ಅಂತ ನಾನು ಕೇಳಲ್ಲ ಬಿಡಿ.

ಎರಡನೆಯದು, ಮತ್ತು ಇದು ನಿಮಗೆ ಹಿಡಿಸಲ್ಲ: ನೀವು ಮಗಳ ಬಗ್ಗೆ ಕೇಳ್ತಿದ್ದೀರಿ, ಕಲೀಬೇಕಾಗಿರೋದು ನೀವು. ಮಗಳಿಗೆ ಅಲ್ಲಿ ಹತ್ತು ಜನ ಕಾವಲಿರ್ತಾರೆ. ಚೆಂಡು ತರೋಕೆ ಅಂತ ಯೋಚನೆ ಮಾಡದೆ ನೀರಿಗೆ ಹಾರೋರು ನಾವು, ಅಪ್ಪಂದಿರು. ಈಜು ಬರುತ್ತೆ ಅನ್ನೋ ಧೈರ್ಯವೇ ಅಪಾಯ. ಈ ದೇಶದ ಪ್ರಧಾನಿಯಾಗಿದ್ದ ಹೆರಾಲ್ಡ್ ಹೋಲ್ಟ್ ಸಮುದ್ರದಲ್ಲಿ ಪಳಗಿದ ಈಜುಗಾರ. 1967ರ ಡಿಸೆಂಬರ್ 17ರಂದು ವಿಕ್ಟೋರಿಯಾದ ಚೆವಿಯಟ್ ಬೀಚಿನಲ್ಲಿ ನೀರಿಗಿಳಿದವರು ವಾಪಸ್ ಬರಲೇ ಇಲ್ಲ, ದೇಹವೂ ಸಿಗಲಿಲ್ಲ. ಆಮೇಲೆ ಮೆಲ್ಬರ್ನಿನಲ್ಲಿ ಅವರ ಹೆಸರಿಟ್ಟಿದ್ದು ಯಾವುದಕ್ಕೆ ಗೊತ್ತಾ? ಒಂದು ಈಜುಕೊಳಕ್ಕೆ. ಇಲ್ಲಿನವರು ಇದನ್ನ ಹೇಳ್ಕೊಂಡು ನಗ್ತಾರೆ. ನನಗೆ ಮೊದಲ ಸಲ ಕೇಳಿದಾಗ ನಗು ಬರಲಿಲ್ಲ.

ನೀವು ಕಲಿಯೋವರೆಗೂ ಧ್ವಜದ ಮಧ್ಯೆಯೇ ಇರಿ. ಎಳೆದ ಹಾಗಾದ್ರೆ ಈಜಬೇಡಿ, ತೇಲಿ, ಕೈ ಎತ್ತಿ. ರಿಪ್ ಕೆಳಕ್ಕೆ ಎಳೆಯಲ್ಲ, ಆಚೆಗೆ ಎಳೆಯುತ್ತೆ. ಮುಳುಗಿಸೋದು ನಮ್ಮ ಸುಸ್ತು. ಶಕ್ತಿ ಇದ್ರೆ ಪಕ್ಕಕ್ಕೆ, ಅಲೆ ಒಡೀತಿರೋ ಕಡೆಗೆ ಹೋಗಿ. ನಾಚಿಕೆ ಬೇಡ, ದಯವಿಟ್ಟು.

ಆ ಹುಡುಗಿ ಅದೇ ವರ್ಷ ಮಾರ್ಚಿನಲ್ಲಿ ಒಂದು ದಿನ ಶಾಲೆ ಯೂನಿಫಾರ್ಮಿನಲ್ಲಿ ನನ್ನ ಬಸ್ ಹತ್ತಿದಳು. ಕಿವಿಗೆ ಇಯರ್‌ಫೋನ್, ನನ್ನ ಗುರುತು ಹಿಡಿಯಲಿಲ್ಲ. ಏನು ಹೇಳಬೇಕೋ ತಿಳಿಯದೆ ಸುಮ್ಮನೆ ಓಡಿಸಿದೆ. ಇಲ್ಲಿ ಎಲ್ಲರೂ ಬಸ್ ಇಳಿಯುವಾಗ ಡ್ರೈವರಿಗೆ ಥ್ಯಾಂಕ್ಸ್ ಹೇಳ್ತಾರಲ್ಲ, ಹಾಗೇ ಅವಳೂ ನನಗೆ ಥ್ಯಾಂಕ್ಸ್ ಹೇಳಿ ಇಳಿದು ಹೋದಳು.

ಸೆಪ್ಟೆಂಬರ್ ಕೊನೆಯಿಂದ ಏಪ್ರಿಲ್ ತನಕ ಮೂರು ವಾರಕ್ಕೊಂದು ಶನಿವಾರ ನನ್ನ ಪಾಳಿ. ಈ ಕಡೆ ಬಂದಾಗ ಹಳದಿ ಅಂಗಿ, ಕೆಂಪು ಚಡ್ಡಿ ಹಾಕ್ಕೊಂಡ ಒಬ್ಬ ಗಿಡ್ಡ ಕನ್ನಡಿಗ ಕಂಡ್ರೆ ಅದು ನಾನೇ. ನೀರಿಗಿಳಿಯೋ ಮುಂಚೆ ಮಾತಾಡ್ಸಿ.