ಗಿನಿಪಿಗ್ ಗೂಡು ವಾರವಾರ ತೊಳೆದರೂ ವಾಸನೆ ಯಾಕೆ ಹೋಗುತ್ತಿಲ್ಲ?

ನಿಮ್ಮ ಪ್ರಶ್ನೆ ಓದಿದೆ. ಎರಡು ಗಿನಿಪಿಗ್ ಇವೆ. ಪ್ರತಿ ಭಾನುವಾರ ಗೂಡು ಪೂರ್ತಿ ಖಾಲಿ ಮಾಡಿ ತೊಳೆಯುತ್ತೀರಿ, ಮೇಲೆ ಸುವಾಸನೆಯ ಪುಡಿ ಬೇರೆ ಉದುರಿಸುತ್ತೀರಿ. ಆದರೂ ಬುಧವಾರದ ಹೊತ್ತಿಗೆ ಕೋಣೆಗೆ ಕಾಲಿಟ್ಟರೆ ಘಾಟು ಮೂಗಿಗೆ ಹೊಡೆಯುತ್ತದೆ. ಇನ್ನು ಮೇಲೆ ವಾರಕ್ಕೆ ಎರಡು ಸಲ ತೊಳೆಯಬೇಕಾ ಅಂತ ಕೇಳಿದ್ದೀರಿ.

ಬೇಡ. ತೊಳೆಯುವುದು ಜಾಸ್ತಿ ಮಾಡಿದರೆ ನಿಮಗೆ ಸುಸ್ತಾಗುತ್ತದೆ, ವಾಸನೆ ಹೋಗುವುದಿಲ್ಲ. ನಾನು ಕೆಲವು ವರ್ಷಗಳಿಂದ ಗಿನಿಪಿಗ್ ಸಾಕುತ್ತಿದ್ದೇನೆ. ಅವುಗಳ ಗೂಡು ಇರುವುದು ನಾನು ದಿನವಿಡೀ ಕೂತು ಕೆಲಸ ಮಾಡುವ ಕೋಣೆಯಲ್ಲೇ. ಹಾಗಾಗಿ ಈ ವಿಷಯದಲ್ಲಿ ನನಗೆ ಸ್ವಾರ್ಥ ಇದೆ ಅಂದುಕೊಳ್ಳಿ. ನಾನು ಕಂಡುಕೊಂಡಿದ್ದು ಇಷ್ಟೇ: ವಾಸನೆ ಬರುವುದು ಒದ್ದೆಯಿಂದ. ಆ ಒದ್ದೆ ಗೂಡಿನ ತುಂಬ ಇರುವುದಿಲ್ಲ, ಮೂರು ನಾಲ್ಕು ಜಾಗದಲ್ಲಿ ಇರುತ್ತದೆ. ಆ ಜಾಗಗಳನ್ನು ದಿನಾ ವಿಚಾರಿಸಿಕೊಂಡರೆ ಸಾಕು.

ಎಲ್ಲರೂ ಮೊದಲು ಬೈಯುವುದು ಹಿಕ್ಕೆಯನ್ನು. ಕಣ್ಣಿಗೆ ಕಾಣುವುದು ಅದೇ ಅಲ್ವಾ? ಒಂದು ಗಿನಿಪಿಗ್ ದಿನಕ್ಕೆ 100ಕ್ಕೂ ಹೆಚ್ಚು ಹಿಕ್ಕೆ ಹಾಕುತ್ತದೆ. ಆದರೆ ಚೆನ್ನಾಗಿ ಒಣಹುಲ್ಲು ತಿನ್ನುವ ಪ್ರಾಣಿಯ ಹಿಕ್ಕೆ ಬರೀ ನಾರು. ಬೇಗ ಒಣಗುತ್ತದೆ, ಹೆಚ್ಚು ವಾಸನೆಯೂ ಇರುವುದಿಲ್ಲ. ನೋಡಲು ಗಲೀಜು, ಅಷ್ಟೇ.

ಮೂತ್ರದ ಕಥೆ ಬೇರೆ. ಆಗಷ್ಟೇ ಹೊಯ್ದ ಮೂತ್ರ ಅಷ್ಟೇನೂ ನಾರುವುದಿಲ್ಲ. ಅದರಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಒಡೆದಾಗ ಅಮೋನಿಯಾ ಹುಟ್ಟುತ್ತದೆ. ಆ ಘಾಟು ಅದರದ್ದು. ಇದಕ್ಕೆ ಸ್ವಲ್ಪ ಸಮಯ ಬೇಕು, ಜೊತೆಗೆ ತೇವ ಮತ್ತು ಬೆಚ್ಚಗಿನ ಜಾಗ ಬೇಕು. ಭಾನುವಾರ ತೊಳೆದ ಗೂಡು ಬುಧವಾರ ನಾರುವುದು ಅದಕ್ಕೇ. ನೀವು ಸರಿಯಾಗಿ ತೊಳೆದಿಲ್ಲ ಅಂತಲ್ಲ. ಸೋಮವಾರ, ಮಂಗಳವಾರದ ಒದ್ದೆ ಅಲ್ಲೇ ಕೂತಿದೆ.

ಇದು ಬರೀ ನಮ್ಮ ಮೂಗಿನ ತೊಂದರೆಯೂ ಅಲ್ಲ. ಗಿನಿಪಿಗ್‌ನ ಮೂಗು ನೆಲದಿಂದ ಒಂದೆರಡು ಇಂಚು ಮೇಲಿರುತ್ತದೆ, ಅಮೋನಿಯಾ ಹುಟ್ಟುವ ಜಾಗದಲ್ಲೇ. ನಿಂತಿರುವ ನಮಗೆ ವಾಸನೆ ತಿಳಿಯುವ ಹೊತ್ತಿಗೆ ಅದು ಎಷ್ಟೋ ಹೊತ್ತಿನಿಂದ ಅದನ್ನೇ ಉಸಿರಾಡುತ್ತಿರುತ್ತದೆ. ಶ್ವಾಸನಾಳದ ಒಳಪದರ ಕೆರಳಿದರೆ ಸೋಂಕು ಸುಲಭವಾಗಿ ಹತ್ತಿಕೊಳ್ಳುತ್ತದೆ. ಈ ಪ್ರಾಣಿಗಳಿಗೆ ನ್ಯುಮೋನಿಯಾ ಬಂದರೆ ಉಳಿಸಿಕೊಳ್ಳುವುದು ಕಷ್ಟ. ಒದ್ದೆ ಹಾಸಿನ ಮೇಲೇ ಓಡಾಡಿದರೆ ಅಂಗಾಲು ಕೆಂಪಾಗಿ ಹುಣ್ಣಾಗುತ್ತದೆ. ಸೆಕೆ ಇದ್ದಾಗ ಒದ್ದೆಯಾದ ಹಿಂಭಾಗಕ್ಕೆ ನೊಣ ಕೂತು ಮೊಟ್ಟೆ ಇಡುತ್ತದೆ, ಒಂದು ದಿನದೊಳಗೆ ಹುಳ ಆಗಬಹುದು. ಹೆದರಿಸಲು ಹೇಳುತ್ತಿಲ್ಲ. ವಾಸನೆಯನ್ನು ಮುಚ್ಚುವುದು ಬೇರೆ, ತೆಗೆಯುವುದು ಬೇರೆ ಅಂತ ಹೇಳಬೇಕಿತ್ತು.

ಆದ್ದರಿಂದ ಮೊದಲು ಆ ಸುವಾಸನೆಯ ಪುಡಿ ನಿಲ್ಲಿಸಿ. ಅದು ಅಮೋನಿಯಾವನ್ನು ಎಲ್ಲಿಗೂ ಕಳಿಸುವುದಿಲ್ಲ. ಪುಡಿಯ ಧೂಳು, ಸುಗಂಧ ಎರಡೂ ಆ ಪುಟ್ಟ ಶ್ವಾಸಕೋಶಕ್ಕೆ ಹೋಗುತ್ತವೆ. ರೂಮ್ ಸ್ಪ್ರೇ, ಅಗರಬತ್ತಿ, ಸುಗಂಧ ತೈಲ ಯಾವುದೂ ಆ ಕೋಣೆಯಲ್ಲಿ ಬೇಡ. ಅಡಿಗೆ ಸೋಡಾವನ್ನು ಹಾಸಿನ ಕೆಳಗೆ ಉದುರಿಸಿ ಅಂತ ಕೆಲವರು ಹೇಳುತ್ತಾರೆ. ನನಗೆ ಅದು ಇಷ್ಟವಿಲ್ಲ, ಏಕೆಂದರೆ ಇವು ಸಿಕ್ಕಿದ್ದನ್ನೆಲ್ಲ ಕಡಿದು ನೋಡುವ ಪ್ರಾಣಿಗಳು. ಗೂಡಿನ ತಳದ ತಟ್ಟೆ ಖಾಲಿ ಮಾಡಿ ಉಜ್ಜಿ ತೊಳೆಯಲು ಬೇಕಾದರೆ ಬಳಸಿ.

ಈಗ ಆ ಮೂರು ನಾಲ್ಕು ಜಾಗ ಹುಡುಕಿ. ಸಂಜೆ ಗೂಡಿನಲ್ಲಿರುವ ಒಂದೊಂದೇ ಸಾಮಾನು ಎತ್ತಿ, ಕೆಳಗಿನ ಹಾಸನ್ನು ಅಂಗೈಯಿಂದ ಒತ್ತಿ ನೋಡಿ. ಗಿನಿಪಿಗ್‌ಗಳು ತಿನ್ನುವಾಗಲೇ ಹೊಯ್ಯುತ್ತವೆ, ಮಲಗುವ ಕಡೆಯೂ ಹೊಯ್ಯುತ್ತವೆ. ಹಾಗಾಗಿ ಹುಲ್ಲು ಇಡುವ ಜಾಗ, ಅಡಗಿ ಕೂರುವ ಪುಟ್ಟ ಮನೆಯ ಒಳಗೆ, ಆಮೇಲೆ ಒಂದೋ ಎರಡೋ ಮೂಲೆ. ನೀರಿನ ಬಾಟಲಿಯ ಕೆಳಗೂ ಒದ್ದೆ ಇರುತ್ತದೆ, ಅದನ್ನು ಎಲ್ಲರೂ ಮೂತ್ರ ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಅದು ಬಾಟಲಿ ಸೋರಿದ ನೀರು. ಬಾಟಲಿಯ ಕೆಳಗೆ ಒಂದು ಸಣ್ಣ ಬಟ್ಟಲು ಇಟ್ಟು ಬೆಳಗ್ಗೆ ನೋಡಿ, ಸೋರುತ್ತಿದ್ದರೆ ಗೊತ್ತಾಗುತ್ತದೆ. ನೀರೂ ಕಡಿಮೆ ತೊಂದರೆ ಅಲ್ಲ. ಒಣಗಿ ಸುಮ್ನೆ ಬಿದ್ದಿರುವ ಹಿಕ್ಕೆಯನ್ನು ಒದ್ದೆ ಮಾಡಿ ನಾರಿಸುವುದು ಅದೇ.

ಹುಲ್ಲಿನ ಜಾಗವೇ ಎಲ್ಲಕ್ಕಿಂತ ಮುಖ್ಯ. ಅಲ್ಲೇ ಅತಿ ಹೆಚ್ಚು ಒದ್ದೆ ಆಗುವುದು. ಇದನ್ನು ನಾವು ನಮ್ಮ ಅನುಕೂಲಕ್ಕೆ ಬಳಸಿಕೊಳ್ಳಬಹುದು. ಅಂಚು ತಗ್ಗಾಗಿರುವ ಒಂದು ಅಗಲವಾದ ಪ್ಲಾಸ್ಟಿಕ್ ಟ್ರೇ ತನ್ನಿ, ಎರಡೂ ಒಟ್ಟಿಗೆ ಕೂರುವಷ್ಟು ದೊಡ್ಡದು. ತಳಕ್ಕೆ ಚೆನ್ನಾಗಿ ಹೀರುವಂಥದ್ದು ಹಾಕಿ. ಕಾಗದದ ಹಾಸು ಆಗಬಹುದು, ಬಿಸಿಗಾಳಿಯಲ್ಲಿ ಒಣಗಿಸಿದ ಮರದ ಗುಳಿಗೆಗಳೂ ಆಗಬಹುದು. ಗುಳಿಗೆ ಕಾಲಿಗೆ ಗಟ್ಟಿ, ಆದ್ದರಿಂದ ಮೇಲೆ ದಪ್ಪಗೆ ಒಣಹುಲ್ಲು ಹರಡಿ. ಹುಲ್ಲಿನ ಬುಟ್ಟಿಯನ್ನು ಟ್ರೇಯ ಮೇಲೆಯೇ ತೂಗುಹಾಕಿ. ಮೊದಲ ಸಲ ಒದ್ದೆಯಾದ ಹಳೆಯ ಹಾಸು ಒಂದು ಹಿಡಿ ಅದರಲ್ಲಿ ಸೇರಿಸಿದರೆ ಜಾಗ ಬೇಗ ಗುರುತು ಹಿಡಿಯುತ್ತವೆ. ಪೂರ್ತಿ ಶಿಸ್ತು ನಿರೀಕ್ಷಿಸಬೇಡಿ. ಹಿಕ್ಕೆ ಎಲ್ಲೆಂದರಲ್ಲಿ ಬೀಳುತ್ತಲೇ ಇರುತ್ತದೆ, ಅದನ್ನು ಕಲಿಸಲು ಆಗುವುದಿಲ್ಲ. ಆದರೆ ಮೂತ್ರದ ದೊಡ್ಡ ಪಾಲು ಟ್ರೇಗೆ ಬಿದ್ದರೂ ನೀವು ಗೆದ್ದಿರಿ. ದಿನಾ ಆ ಟ್ರೇ ಒಂದನ್ನು ಖಾಲಿ ಮಾಡಿ ಒರೆಸಿ ಮತ್ತೆ ತುಂಬಿದರೆ ಆಯಿತು, ಹತ್ತು ನಿಮಿಷವೂ ಬೇಡ. ಅದೇ ಹೊತ್ತಿಗೆ ಕಿರುಪೊರಕೆಯಿಂದ ಹಿಕ್ಕೆ ಗುಡಿಸಿ, ತಿನ್ನದೆ ಉಳಿದ ಸೊಪ್ಪು ತರಕಾರಿ ತೆಗೆದುಬಿಡಿ. ಅವು ಅಡಗುವ ಪುಟ್ಟ ಮನೆಯ ಒಳಗಿನ ಒದ್ದೆಗೆ ಒಂದು ಚಿಕ್ಕ ಬಟ್ಟೆ ಹಾಸಿಟ್ಟು ಅದನ್ನು ದಿನಾ ಬದಲಿಸಿ.

ಆ ಮನೆ ಮರದ್ದಾಗಿದ್ದರೆ ಅದನ್ನೇ ಹತ್ತಿರದಿಂದ ಮೂಸಿ ನೋಡಿ. ಮರ ಮೂತ್ರ ಕುಡಿದುಬಿಡುತ್ತದೆ, ಆಮೇಲೆ ಎಷ್ಟು ಉಜ್ಜಿದರೂ ಬಿಡುವುದಿಲ್ಲ. ಇಡೀ ಗೂಡು ಹೊಸದಾಗಿ ಹಾಸಿದ ದಿನವೇ ವಾಸನೆ ಇದ್ದರೆ ಅನುಮಾನ ಇದರ ಮೇಲೇ ಇರಲಿ. ಪ್ಲಾಸ್ಟಿಕ್ ಮನೆ ತೊಳೆಯಬಹುದು. ನನಗಂತೂ ರಟ್ಟಿನ ಪೆಟ್ಟಿಗೆಯೇ ಇಷ್ಟ: ಟೇಪು, ಪಿನ್ನು ಕಿತ್ತು ಬಾಗಿಲು ಕತ್ತರಿಸಿ ಇಟ್ಟರೆ ಅವೂ ಖುಷಿಯಾಗಿ ಕಡಿಯುತ್ತವೆ, ಒದ್ದೆಯಾದರೆ ಎಸೆದು ಇನ್ನೊಂದು ಇಡಬಹುದು.

ಹಾಸಿನ ವಿಷಯಕ್ಕೆ ಬಂದರೆ, ನೀವು ಏನು ಬಳಸುತ್ತೀರಿ ಅಂತ ಬರೆದಿಲ್ಲ. ಕಾಗದದ ಹಾಸು ಒಳ್ಳೆಯದು, ಎರಡು ಇಂಚಿನಷ್ಟಾದರೂ ದಪ್ಪ ಇರಲಿ. ಮರದ್ದಾದರೆ ಕೀಸುಳಿ ಹೊಡೆದಾಗ ಸುರುಳಿ ಸುರುಳಿಯಾಗಿ ಬರುವ ದೊಡ್ಡ ಸಿಪ್ಪೆ ಆಗಬಹುದು, ಪುಡಿ ಹೊಟ್ಟು ಬೇಡ, ಧೂಳು ಜಾಸ್ತಿ. ಸೀಡರ್ ಮರದ್ದು ಖಂಡಿತ ಬೇಡ. ಅದರ ಪರಿಮಳ ನಮಗೆ ಹಿತವಾಗಿರುತ್ತದೆ, ಆದರೆ ಆ ಪರಿಮಳದ ರಾಸಾಯನಿಕಗಳೇ ಇವುಗಳ ಶ್ವಾಸಕ್ಕೂ ಯಕೃತ್ತಿಗೂ ಕೆಡುಕು. ಸರಿಯಾಗಿ ಒಣಗಿಸದ ಪೈನ್ ಮರಕ್ಕೂ ಇದೇ ಮಾತು. ಬೆಕ್ಕಿಗೆ ಹಾಕುವ, ಒದ್ದೆಯಾದರೆ ಉಂಡೆ ಕಟ್ಟುವ ಮರಳೂ ಬೇಡ. ತಿಂದರೆ ಹೊಟ್ಟೆಯೊಳಗೂ ಉಂಡೆ ಕಟ್ಟುತ್ತದೆ.

ಫ್ಲೀಸ್, ಅಂದರೆ ತೆಳು ಹೊದಿಕೆಗಳಿಗೆ ಬಳಸುವ ಮೆತ್ತನೆಯ ಸಿಂಥೆಟಿಕ್ ಬಟ್ಟೆ, ಹಾಸುವವರು ತುಂಬ ಜನ, ನಾನೂ ಅವರಲ್ಲೊಬ್ಬ. ಫ್ಲೀಸ್ ತಾನು ಹೀರುವುದಿಲ್ಲ, ಒದ್ದೆಯನ್ನು ಕೆಳಗೆ ಇಳಿಸುತ್ತದೆ. ಹಾಗಾಗಿ ಅದರ ಕೆಳಗೆ ಹೀರುವ ಪದರ ಬೇಕೇ ಬೇಕು, ದಪ್ಪ ಟವೆಲ್ ಆದರೂ ಸರಿ. ಹೊಸ ಫ್ಲೀಸ್ ನೀರನ್ನು ಇಳಿಯಲು ಬಿಡುವುದಿಲ್ಲ, ಹನಿ ಮೇಲೆಯೇ ಉರುಳಾಡುತ್ತದೆ. ಬಿಸಿನೀರಿನಲ್ಲಿ ಕೆಲವು ಸಲ ಒಗೆದ ಮೇಲೆ ಸರಿಹೋಗುತ್ತದೆ. ಒಂದು ಚಮಚ ನೀರು ಸುರಿದು ಪರೀಕ್ಷೆ ಮಾಡಿ, ತಕ್ಷಣ ಇಳಿದರೆ ಬಳಸಬಹುದು. ಬಟ್ಟೆ ಮೆತ್ತಗಾಗಲು ಹಾಕುವ ಕಂಡೀಷನರ್ ಯಾವತ್ತೂ ಹಾಕಬೇಡಿ. ಅದು ನೂಲಿಗೆ ಅಂಟಿಕೊಂಡು ಮತ್ತೆ ಮೊದಲಿನ ಸ್ಥಿತಿಗೇ ತರುತ್ತದೆ. ಒಗೆಯುವ ಮುಂಚೆ ಕೂದಲು, ಹುಲ್ಲು ಚೆನ್ನಾಗಿ ಕೊಡವಿ, ಬಲೆಯ ಚೀಲದಲ್ಲಿ ಹಾಕಿ ಮೆಷಿನ್ನಿಗೆ ಹಾಕಿ. ಇಲ್ಲವಾದರೆ ಮುಂದಿನ ಸಲ ನಿಮ್ಮ ಅಂಗಿಯಲ್ಲೆಲ್ಲ ಹುಲ್ಲು ಚುಚ್ಚುತ್ತದೆ. ಫ್ಲೀಸ್‌ನ ಒಂದು ಮೋಸ ಏನೆಂದರೆ, ಮೇಲೆ ಒಣಗಿಯೇ ಇರುತ್ತದೆ, ಕೆಳಗೆ ಟವೆಲ್ ನೆನೆದು ಕೂತಿರುತ್ತದೆ. ಮೂರು ನಾಲ್ಕು ದಿನಕ್ಕೊಮ್ಮೆ ಬದಲಿಸಿ, ಒಂದು ವಾರ ದಾಟಿಸಬೇಡಿ.

ತಟ್ಟೆಯ ತಳದಲ್ಲಿ ಬಿಳಿ ಸುಣ್ಣದಂಥ ಕಲೆ ಕಟ್ಟಿದೆಯಾ ನೋಡಿ. ಇವುಗಳ ಮೂತ್ರ ಕ್ಷಾರೀಯ, ಪಿಎಚ್ 8ರಿಂದ 9ರವರೆಗೆ ಇರುತ್ತದೆ, ಕ್ಯಾಲ್ಸಿಯಂ ಕೂಡ ಜಾಸ್ತಿ. ಒಣಗಿದಾಗ ಬಿಸಿನೀರಿನ ಪಾತ್ರೆಯೊಳಗೆ ಕಟ್ಟುವ ಪದರದ ಹಾಗೆ ಗಟ್ಟಿಯಾಗಿ ಕೂರುತ್ತದೆ. ಸೋಪಿಗೆ ಅದು ಬಗ್ಗುವುದಿಲ್ಲ. ಅದರ ಸಂದಿಯಲ್ಲಿ ಹಳೆಯ ಮೂತ್ರ ಉಳಿದುಕೊಂಡಿರುತ್ತದೆ, ತೊಳೆದ ಗೂಡು ಬೇಗ ನಾರಲು ಇದೂ ಒಂದು ಕಾರಣ. ಬಿಳಿ ವಿನೆಗರ್ ಮತ್ತು ನೀರು ಸಮ ಸಮ ಬೆರೆಸಿ ಸುರಿದು ಅರ್ಧ ಗಂಟೆ ಬಿಡಿ. ಆಮ್ಲ ಆ ಪದರವನ್ನು ಕರಗಿಸುತ್ತದೆ. ಹಳೆಯ ಕಲೆಯಾದರೆ ವಿನೆಗರ್ ನೆನೆಸಿದ ಬಟ್ಟೆಯನ್ನು ಅದರ ಮೇಲೆ ಹರಡಿ ಇನ್ನಷ್ಟು ಹೊತ್ತು ಬಿಡಿ. ಆಮೇಲೆ ಉಜ್ಜಿ, ನೀರಿನಿಂದ ತೊಳೆದು, ಪೂರ್ತಿ ಒಣಗಿಸಿ. ವಿನೆಗರ್ ವಾಸನೆ ಗಾಳಿಯಾಡಿದರೆ ಹೋಗುತ್ತದೆ.

ಬ್ಲೀಚ್ ಬಗ್ಗೆ ಒಂದು ಎಚ್ಚರಿಕೆ. ಮೂತ್ರ ಇರುವ ತಟ್ಟೆಗೆ ಬ್ಲೀಚ್ ಸುರಿದರೆ ಅದು ಅಮೋನಿಯಾ ಜೊತೆ ಸೇರಿ ಕ್ಲೋರಮೈನ್ ಅನಿಲ ಬರುತ್ತದೆ. ವಿನೆಗರ್ ಜೊತೆ ಸೇರಿದರೆ ಕ್ಲೋರಿನ್ ಬರುತ್ತದೆ. ಎರಡೂ ವಿಷವೇ. ದಿನನಿತ್ಯದ ಗೂಡಿಗೆ ಬ್ಲೀಚ್‌ನ ಅಗತ್ಯವೇ ಇಲ್ಲ.

ಭಾನುವಾರದ ದೊಡ್ಡ ತೊಳೆಯುವಿಕೆಯನ್ನು ಹಾಗೇ ಇಟ್ಟುಕೊಳ್ಳಿ. ಆದರೆ ಎಲ್ಲವನ್ನೂ ಒಂದೇ ಸಲ ಫಳಫಳ ಅನ್ನಿಸಬೇಡಿ. ತಮ್ಮ ವಾಸನೆ ಪೂರ್ತಿ ಮಾಯವಾದರೆ ಇವು ಗಲಿಬಿಲಿಗೊಳ್ಳುತ್ತವೆ, ಮತ್ತೆ ಗುರುತು ಹಾಕಲು ಹಿಂಭಾಗ ನೆಲಕ್ಕೆ ಉಜ್ಜುತ್ತಾ ಅಲ್ಲಲ್ಲಿ ಹೊಯ್ಯುತ್ತಾ ತಿರುಗುತ್ತವೆ. ಎರಡು ಗಂಡುಗಳಾದರೆ ಜಗಳವೂ ಶುರುವಾಗಬಹುದು. ಒದ್ದೆಯಾಗದ ಹಳೆಯ ಹುಲ್ಲು ಒಂದು ಹಿಡಿ ಮತ್ತೆ ಒಳಗೆ ಹಾಕಿ, ಅಥವಾ ಒಂದು ಬಟ್ಟೆಯನ್ನು ಮುಂದಿನ ಸಲಕ್ಕೆ ಬಿಡಿ.

ಇಷ್ಟು ಮಾಡಿಯೂ ಎರಡೇ ದಿನಕ್ಕೆ ನಾರಿದರೆ ಗೂಡು ಚಿಕ್ಕದಾಗಿರಬಹುದು. ಎರಡು ಗಿನಿಪಿಗ್‌ಗೆ ಕನಿಷ್ಠ 7.5 ಚದರ ಅಡಿ ಬೇಕು ಅನ್ನುತ್ತಾರೆ, 10 ದಾಟಿದರೆ ಇನ್ನೂ ಒಳ್ಳೆಯದು. ಜನ ದೊಡ್ಡ ಗೂಡು ಅಂದರೆ ದೊಡ್ಡ ಕೆಲಸ ಅಂದುಕೊಳ್ಳುತ್ತಾರೆ. ನಿಜ ಅಂದರೆ ಉಲ್ಟಾ. ಅದೇ ಮೂತ್ರ ಹೆಚ್ಚು ಜಾಗದಲ್ಲಿ ಹಂಚಿಹೋಗುತ್ತದೆ, ಬೇಗ ಒಣಗುತ್ತದೆ. ಗಾಜಿನ ತೊಟ್ಟಿಯಲ್ಲಿ ಸಾಕುತ್ತಿದ್ದರೆ ದಯವಿಟ್ಟು ಬದಲಿಸಿ, ಅದರಲ್ಲಿ ಗಾಳಿಯೇ ಆಡುವುದಿಲ್ಲ.

ಕೆಲವೊಮ್ಮೆ ವಾಸನೆ ಗೂಡಿನದ್ದಲ್ಲ, ಪ್ರಾಣಿಯದ್ದೇ. ಬೆನ್ನಿನ ಕೊನೆಯಲ್ಲಿ, ಬಾಲ ಇರಬೇಕಾದ ಕಡೆ, ಒಂದು ಜಿಡ್ಡಿನ ಗ್ರಂಥಿ ಇರುತ್ತದೆ. ಗಂಡುಗಳಲ್ಲಿ ಅಲ್ಲಿನ ಕೂದಲು ಅಂಟಂಟಾಗಿ ನಾರುತ್ತದೆ. ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿ ಜಿಡ್ಡು ಸಡಿಲವಾದ ಮೇಲೆ ಮೆತ್ತಗೆ ಒರೆಸಿ ತೆಗೆಯಬಹುದು. ಅದಕ್ಕಾಗಿ ಪೂರ್ತಿ ಸ್ನಾನ ಮಾಡಿಸಬೇಡಿ, ಪದೇ ಪದೇ ಸ್ನಾನವಾದರೆ ಚರ್ಮ ಒಣಗಿ ಕಡಿತ ಶುರುವಾಗುತ್ತದೆ. ವಯಸ್ಸಾದ ಗಂಡುಗಳಿಗೆ ಗುದದ ಚೀಲದಲ್ಲಿ ಮೆತ್ತನೆಯ ಹಿಕ್ಕೆ ಕಟ್ಟಿಕೊಳ್ಳುವುದುಂಟು, ಅದರ ನಾತ ಬೇರೆಯೇ ಇರುತ್ತದೆ. ಅದನ್ನು ತೆಗೆಯುವ ಕ್ರಮ ಪಶುವೈದ್ಯರಿಂದ ಕೈಯಾರೆ ನೋಡಿ ಕಲಿಯಿರಿ. ಹಿಕ್ಕೆ ನೀರಾಗಿದ್ದರೆ, ಮೂತ್ರದಲ್ಲಿ ರಕ್ತ ಕಂಡರೆ, ಹೊಯ್ಯುವಾಗ ಕಿರುಚಿದರೆ, ಒಣಗಿದ ಕಲೆ ಪುಡಿಯಾಗಿರದೆ ಮರಳಿನ ಹಾಗೆ ಬೆರಳಿಗೆ ಸಿಕ್ಕರೆ ಕಾಯಬೇಡಿ, ಕರೆದುಕೊಂಡು ಹೋಗಿ. ಇದ್ದಕ್ಕಿದ್ದಂತೆ ವಾಸನೆ ಬದಲಾದರೂ ಅಷ್ಟೇ.

ಇನ್ನೊಂದು ಕೇಳಬೇಕು. ತೆಗೆದ ಹಾಸು, ಒಗೆಯಬೇಕಾದ ಬಟ್ಟೆ ಎಲ್ಲಿಡುತ್ತೀರಿ? ಗೂಡಿನ ಪಕ್ಕದ ಕಸದ ಬುಟ್ಟಿಯಲ್ಲೇ ಇದ್ದರೆ ಬುಧವಾರದ ವಾಸನೆಯ ಅರ್ಧ ಪಾಲು ಅಲ್ಲಿಂದಲೇ ಬರುತ್ತಿರಬಹುದು. ನಾಳೆ ಆ ಬುಟ್ಟಿಯನ್ನು ಕೋಣೆಯಿಂದ ಆಚೆ ಇಡಿ. ಹುಲ್ಲು, ಹಿಕ್ಕೆ, ಕಾಗದದ ಹಾಸು ಗೊಬ್ಬರಕ್ಕೆ ಚೆನ್ನಾಗಿ ಆಗುತ್ತದೆ. ಆಮೇಲೆ ಸ್ವಲ್ಪ ಹೊತ್ತು ಹೊರಗೆ ಓಡಾಡಿ ವಾಪಸ್ ಬಂದು ಮೂಸಿ ನೋಡಿ, ಏಕೆಂದರೆ ಅಲ್ಲೇ ಕೂತಿದ್ದರೆ ಮೂಗು ಒಗ್ಗಿಹೋಗಿ ನಿಜ ಹೇಳುವುದಿಲ್ಲ. ಆಗಲೂ ಘಾಟು ಇದ್ದರೆ ಗೂಡಿನ ಅಳತೆ, ಯಾವ ಹಾಸು, ಗಂಡೋ ಹೆಣ್ಣೋ ಅಂತ ಇಲ್ಲೇ ಕೆಳಗೆ ಬರೆಯಿರಿ, ನೋಡೋಣ.