ಓದುಗರ ಪ್ರಶ್ನೆ: ಐಪಿವಿ6ಗೆ ನಮ್ಮ ಹುಡುಗರನ್ನು ಸಜ್ಜುಗೊಳಿಸುವುದು ಹೇಗೆ?

ಪ್ರಶ್ನೆ: ಮಾನ್ವಿಯಲ್ಲಿ ಸಣ್ಣದೊಂದು ಫೈಬರ್ ಇಂಟರ್ನೆಟ್ ಸೇವೆಯ ಮೇಲ್ವಿಚಾರಕ ನಾನು. ಬರುವ ವರ್ಷದೊಳಗೆ ಐಪಿವಿ6 (ಇಂಟರ್ನೆಟ್ ಸೇರುವ ಯಂತ್ರಗಳಿಗೆ ವಿಳಾಸ ಕೊಡುವ ಹೊಸ ಪದ್ಧತಿ) ಆರಂಭವಾಗಬೇಕೆಂದು ಮಾಲೀಕರು ಹೇಳಿದ್ದಾರೆ. ನನ್ನ ಹುಡುಗರು ಐಟಿಐ, ಡಿಪ್ಲೊಮಾ ಓದಿದವರು. ಫೈಬರ್ ಜೋಡಿಸುವುದರಲ್ಲಿ ಪಳಗಿದವರು. ಆದರೆ ಉದ್ದನೆಯ ವಿಳಾಸ ಕಂಡರೆ ಬೆಚ್ಚುತ್ತಾರೆ. ತರಬೇತಿಯೊಂದಕ್ಕೆ ಕಳುಹಿಸಿದೆ; ಇಂಗ್ಲಿಷ್ ಸ್ಲೈಡುಗಳು ಮುಗಿದವು, ತಲೆಗೆ ಏನೂ ಹತ್ತಲಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ಆ ಸ್ಲೈಡುಗಳಲ್ಲಿ ಏನಿತ್ತೆಂದು ಬಳ್ಳಾರಿಯಲ್ಲಿ ಕುಳಿತೇ ಹೇಳಬಲ್ಲೆ. ಹಳೆಯ ಐಪಿವಿ4 ವಿಳಾಸ 32 ಬಿಟ್, ಹೊಸದು 128 ಬಿಟ್, ವಿಳಾಸಗಳು ಮರಳಿನ ಕಣಗಳಿಗಿಂತಲೂ ಹೆಚ್ಚು. ಮರಳಿನ ಲೆಕ್ಕ ಕೇಳಿದ ಯಾವ ಹುಡುಗನೂ ಅದರಿಂದ ಗ್ರಾಹಕರ ದೂರೊಂದನ್ನು ಬಗೆಹರಿಸಿದ್ದನ್ನು ನಾನು ಕಂಡಿಲ್ಲ. ಐಪಿವಿ4ರ ಸುಮಾರು 430 ಕೋಟಿ ವಿಳಾಸಗಳ ಕೇಂದ್ರ ದಾಸ್ತಾನು 2011ರ ಫೆಬ್ರವರಿಯಲ್ಲೇ ಬರಿದಾಯಿತು. ಇತಿಹಾಸ ಇಷ್ಟು ಸಾಕು.

ಮೊದಲ ದಿನ ಅವರ ಮೊಬೈಲನ್ನೇ ತೆರೆಸಿ. ಜಿಯೋ ಸಿಮ್ ಇರುವವನು ವೈಫೈ ಆರಿಸಿ, ಸೆಟ್ಟಿಂಗ್ಸ್‌ನಲ್ಲಿ ಫೋನಿನ ವಿವರದ ಪುಟಕ್ಕೆ ಹೋಗಿ ಐಪಿ ವಿಳಾಸ ನೋಡಲಿ. ಅಲ್ಲಿ ಆ ಉದ್ದನೆಯ ವಿಳಾಸವೇ ಕಾಣಿಸುತ್ತದೆ. ಆ ಜಾಲ 2016ರಲ್ಲಿ ಶುರುವಾದಾಗಿನಿಂದ ಐಪಿವಿ6 ಮೇಲೆಯೇ ನಡೆಯುತ್ತಿದೆ. ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದೇವೆಂದು ತಿಳಿದರೆ ಅರ್ಧ ಭಯ ಅಲ್ಲಿಗೇ ಮುಗಿಯುತ್ತದೆ. ಆ ವಿಳಾಸ ಬರೆಯುವ ಹದಿನಾರರ ಎಣಿಕೆ, ಅಂದರೆ ಹೆಕ್ಸಾಡೆಸಿಮಲ್, ಕಲಿಸುವುದು ಒಂದು ಸಂಜೆಯ ಕೆಲಸ. ಅದನ್ನೇ ವಾರಗಟ್ಟಲೆ ಎಳೆಯಬೇಡಿ.

ಕಷ್ಟವಿರುವುದು ಹೊಸದನ್ನು ಕಲಿಸುವುದರಲ್ಲಲ್ಲ, ಹಳೆಯ ಅಭ್ಯಾಸ ಬಿಡಿಸುವುದರಲ್ಲಿ. ಎಡದಂಡೆ ಕಾಲುವೆಯ ಕೊನೆಯಂಚಿನ ರೈತರು ಸರದಿಯ ಮೇಲೆ ನೀರು ಹಂಚಿಕೊಳ್ಳುವ ಹಾಗೆ ನಾವೆಲ್ಲ ವಿಳಾಸಗಳನ್ನು ಹನಿಹನಿಯಾಗಿ ಹಂಚಿ ಬೆಳೆದವರು. ಒಂದು ಪಬ್ಲಿಕ್ ಐಪಿ, ಅದರ ಹಿಂದೆ ನೂರಾರು ಮನೆಗಳು. ಪೊಲೀಸರಿಂದ ಪತ್ರ ಬಂದರೆ ಯಾವ ಮನೆಯೆಂದು ಪತ್ತೆ ಹಚ್ಚಲು ಪೋರ್ಟ್ ಸಂಖ್ಯೆಯ ದಾಖಲೆ ಜಾಲಾಡಬೇಕು. ಆ ಜಿಪುಣತನವನ್ನು ಇಲ್ಲಿಗೂ ತಂದರೆ ಕೆಟ್ಟಿತು. ನಿಮ್ಮ ಸಂಸ್ಥೆಗೆ ಒಂದು ಸ್ಲ್ಯಾಶ್ 32 (ಮೊದಲ 32 ಬಿಟ್ ಒಂದೇ ಆಗಿರುವ ವಿಳಾಸಗಳ ಗುಂಪು; ಈ ಸಂಖ್ಯೆ ಹೆಚ್ಚಿದಷ್ಟೂ ಗುಂಪು ಚಿಕ್ಕದು) ಸಿಕ್ಕಿತೆನ್ನಿ. ಅದರಲ್ಲಿ ಸ್ಲ್ಯಾಶ್ 56 ಅಳತೆಯ ತುಂಡುಗಳು ಒಂದು ಕೋಟಿ 67 ಲಕ್ಷಕ್ಕೂ ಹೆಚ್ಚು. ಮನೆಗೊಂದು ಸ್ಲ್ಯಾಶ್ 56 ಕೊಟ್ಟರೆ ಆ ಮನೆಯೊಳಗೆ 256 ಬೇರೆ ಬೇರೆ ಜಾಲ ಮಾಡಿಕೊಳ್ಳಬಹುದು. ಇಡೀ ರಾಯಚೂರು ಜಿಲ್ಲೆಗೆ ಕೊಟ್ಟರೂ ತೀರುವುದಿಲ್ಲ. ಧಾರಾಳವಾಗಿ ಕೊಡಿ.

ಎರಡನೆಯ ಅಭ್ಯಾಸ ಇನ್ನೂ ಅಪಾಯಕಾರಿ. ಫೈರ್‌ವಾಲ್ ಮುಂದೆ ಕುಳಿತ ಕೂಡಲೇ ಐಸಿಎಂಪಿ (ಜಾಲದ ಯಂತ್ರಗಳು ತೊಂದರೆ, ಸುದ್ದಿ ತಿಳಿಸಿಕೊಳ್ಳುವ ಸಂದೇಶಗಳು) ಪೂರ್ತಿ ಮುಚ್ಚುವುದನ್ನು ಯಾರೋ ಇವರಿಗೆ ಕಲಿಸಿರುತ್ತಾರೆ. ಐಪಿವಿ6ನಲ್ಲಿ ದಾರಿಯ ನಡುವಿನ ರೂಟರ್‌ಗಳು ದೊಡ್ಡ ಪ್ಯಾಕೆಟ್ಟನ್ನು (ಮಾಹಿತಿಯ ತುಂಡನ್ನು) ಒಡೆಯುವುದಿಲ್ಲ. ಬೀಳಿಸಿ, ‘ಇದು ದೊಡ್ಡದಾಯಿತು, ಇಷ್ಟಕ್ಕೆ ಇಳಿಸು’ ಎಂದು ಕಳುಹಿಸಿದವರಿಗೆ ಐಸಿಎಂಪಿ ಸಂದೇಶ ಹಾಕುತ್ತವೆ. ಗ್ರಾಹಕರು ಹೆಸರು, ಪಾಸ್‌ವರ್ಡ್ ಕೊಟ್ಟು ಸೇರುವ ಪಿಪಿಪಿಒಇ ಸಂಪರ್ಕದಲ್ಲಿ ಸಾಮಾನ್ಯವಾಗಿ 1500ರ ಬದಲು 1492 ಬೈಟ್ ಮಾತ್ರ ಹಾಯುತ್ತದೆ. ಆ ಸಂದೇಶವನ್ನು ಎಲ್ಲೋ ತಡೆದರೆ ಏನಾಗುತ್ತದೆ ನೋಡಿ: ಪಿಂಗ್ ಚೆನ್ನಾಗಿ ಬರುತ್ತದೆ, ಸಂಪರ್ಕವೂ ಏರ್ಪಡುತ್ತದೆ, ಪುಟ ಮಾತ್ರ ಅರ್ಧಕ್ಕೆ ನಿಂತು ಸುತ್ತುತ್ತಲೇ ಇರುತ್ತದೆ. ಹುಡುಗ ಓಎನ್‌ಯು (ಮನೆಯಲ್ಲಿರುವ ಫೈಬರ್ ಪೆಟ್ಟಿಗೆ) ಬದಲಿಸುತ್ತಾನೆ, ಕೇಬಲ್ ಬದಲಿಸುತ್ತಾನೆ, ಕೊನೆಗೆ ಗ್ರಾಹಕರ ಲ್ಯಾಪ್‌ಟಾಪ್ ಸರಿಯಿಲ್ಲವೆಂದು ಹೇಳಿ ಎದ್ದು ಬರುತ್ತಾನೆ. ಈ ತೊಂದರೆಯನ್ನು ನೀವೇ ಬೇಕೆಂದು ಸೃಷ್ಟಿಸಿ, ಅವರಿಂದ ಹುಡುಕಿಸಿ. ಸ್ಲೈಡ್ ಬೇಕಾಗುವುದಿಲ್ಲ.

ಅದಕ್ಕೆ ಮೂಲೆಗೆ ಬಿದ್ದಿರುವ ಎರಡು ಕಂಪ್ಯೂಟರ್, ಒಂದು ರೂಟರ್ ಸಾಕು. ಲಿನಕ್ಸ್ ಹಾಕಿ, ಜಾಲದಲ್ಲಿ ಹಾಯುವುದನ್ನೆಲ್ಲ ತೋರಿಸುವ ವೈರ್‌ಶಾರ್ಕ್ ತಂತ್ರಾಂಶ ತೆರೆದು ಕೇಬಲ್ ಚುಚ್ಚಿ. ಯಂತ್ರವು ‘ಇಲ್ಲಿ ರೂಟರ್ ಯಾರಿದ್ದೀರಿ’ ಎಂದು ಕೇಳುವ ಐಸಿಎಂಪಿ ಸಂದೇಶದ ಸಂಖ್ಯೆ 133, ರೂಟರ್ ಉತ್ತರಿಸುವುದು 134. ನೆರೆಯವರನ್ನು ವಿಚಾರಿಸುವುದು 135, ಅದಕ್ಕೆ ಮರುಮಾತು 136. ಐಪಿವಿ4ರಲ್ಲಿ ನೆರೆಯವರನ್ನು ಹುಡುಕುವ ಎಆರ್‌ಪಿ ಇಲ್ಲಿ ಇಲ್ಲವೇ ಇಲ್ಲ. ಈ ನಾಲ್ಕು ಸಂದೇಶಗಳನ್ನು ಕಣ್ಣಾರೆ ನೋಡಿದವನು ಮುಂದೆ ತಾನೇ ಕಲಿಯುತ್ತಾನೆ. ಗ್ರಾಹಕರು ರೂಟರನ್ನು ತಿರುವುಮುರುವಾಗಿ ಜೋಡಿಸಿದರೆ ಓಣಿಗೆಲ್ಲ ತಪ್ಪು ವಿಳಾಸ ಹಂಚಿಹೋಗುವ ಕಾಟ ಅವರಿಗೆ ಗೊತ್ತೇ ಇರುತ್ತದೆ. 134ರಲ್ಲೂ ಅದೇ ಕಾಟ ಉಂಟು. ಸ್ವಿಚ್‌ನಲ್ಲಿ ಆರ್‌ಎ ಗಾರ್ಡ್ (ಗ್ರಾಹಕರ ಕಡೆಯಿಂದ ಬರುವ 134 ಸಂದೇಶ ತಡೆಯುವ ಕಾವಲು) ಹಾಕಲು ಆಗಲೇ ಹೇಳಿಕೊಡಿ. ಅಭ್ಯಾಸದ ಟಿಪ್ಪಣಿಗಳಲ್ಲಿ 2001:ಡಿಬಿ8 ಎಂದು ಶುರುವಾಗುವ ವಿಳಾಸಗಳನ್ನೇ ಬಳಸಿ, ಅವು ಉದಾಹರಣೆಗೆಂದೇ ಮೀಸಲು.

ದೂರು ಸ್ವೀಕರಿಸುವ ಹುಡುಗಿಯನ್ನೂ ಕೂರಿಸಿಕೊಳ್ಳಿ. ‘ಪುಟ ತೆರೆಯುತ್ತಿಲ್ಲ’ ಎಂಬ ಕರೆ ಮೊದಲು ಬರುವುದು ಆಕೆಗೆ. ತರಬೇತಿಗೆ ಆಕೆಯನ್ನು ಯಾರೂ ಕರೆಯುವುದಿಲ್ಲ, ಏಕೋ!

ಪ್ರಶ್ನೆ: ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಘಟಕ ನಡೆಸುತ್ತೇನೆ. ಐಪಿವಿ6 ಬಂದರೆ ಪ್ರತಿ ಕಂಪ್ಯೂಟರಿಗೂ ಪಬ್ಲಿಕ್ ವಿಳಾಸವಂತೆ. ನಮ್ಮ ಲೆಕ್ಕಪತ್ರವೆಲ್ಲ ಬಯಲಿಗೆ ಬೀಳುವುದಿಲ್ಲವೇ? ಹಳೆಯ ಕ್ಯಾಮೆರಾಗಳನ್ನು ಎಸೆಯಬೇಕೇ?

ಉತ್ತರ: ಎಸೆಯಬೇಡಿ. ಎರಡೂ ಪ್ರೋಟೊಕಾಲ್‌ಗಳು ಒಂದೇ ತಂತಿಯ ಮೇಲೆ ಜೊತೆಯಾಗಿ ನಡೆಯುತ್ತವೆ. ಹಳೆಯ ಕ್ಯಾಮೆರಾ ಐಪಿವಿ4ರಲ್ಲೇ ಇರಲಿ. ಇನ್ನು ಲೆಕ್ಕಪತ್ರದ ವಿಷಯ. ನಿಮ್ಮನ್ನು ಕಾಯಬೇಕಾದದ್ದು ಫೈರ್‌ವಾಲ್, ವಿಳಾಸ ಮರೆಮಾಡುವ ನ್ಯಾಟ್ ಅಲ್ಲ. ಒಳಗಿನಿಂದ ಹೊರಟದ್ದರ ಉತ್ತರಕ್ಕೆ ದಾರಿ ಬಿಟ್ಟು, ಹೊರಗಿನಿಂದ ತಾನಾಗಿ ಬರುವುದನ್ನು ತಡೆಯುವ ನಿಯಮ ಇದ್ದರಾಯಿತು. ಕೆಲವು ರೂಟರ್‌ಗಳಲ್ಲಿ ಐಪಿವಿ6ರ ಫೈರ್‌ವಾಲ್‌ಗೆ ಬೇರೆಯೇ ಗುಂಡಿ ಇರುತ್ತದೆ, ಅದು ಆರಿಯೇ ಇರಬಹುದು. ಜೋಡಿಸಲು ಬಂದವರು ಹೊರಡುವ ಮೊದಲು ಅವರ ಐಪಿವಿ6 ಇರುವ ಮೊಬೈಲ್ ಡೇಟಾದಿಂದ ನಿಮ್ಮ ಕಂಪ್ಯೂಟರಿನ ಐಪಿವಿ6 ವಿಳಾಸಕ್ಕೆ ಸಂಪರ್ಕ ಸಾಧಿಸಲು ಹೇಳಿ. ಸಾಧ್ಯವಾಗದಿದ್ದರೆ ಫೈರ್‌ವಾಲ್ ಕಾಯುತ್ತಿದೆ ಎಂದರ್ಥ, ಹಣ ಕೊಟ್ಟು ಕಳುಹಿಸಿ.